ಬೇಡಪ್ಪನವರ ಖಾಲಿ ಹಾಳೆ

ಏನನ್ನೇ ಕೇಳಿದರೂ ಅವರ ಬಾಯಿಂದ ಮೊದಲು ಹೊರಡುತ್ತಿದ್ದುದು ‘ಬೇಡ’ ಎಂಬ ಎರಡಕ್ಷರ. ಚಹಾ ಕುಡಿಯುತ್ತೀರಾ ಎಂದರೆ ಬೇಡ; ಫ್ಯಾನು ಹಾಕಲೇ ಎಂದರೆ ಬೇಡ; ಬಡ್ತಿ ಕೊಡುತ್ತೇವೆ ಎಂದಾಗಲೂ ಅಭ್ಯಾಸಬಲದಿಂದ ಬೇಡ ಎಂದು, ಮರುಕ್ಷಣವೇ ನಾಲಗೆ ಕಚ್ಚಿಕೊಂಡರಂತೆ. ಬೇಡವೆಂದ ಚಹಾವನ್ನು ಆಮೇಲೆ ತಳ ಕಾಣುವವರೆಗೂ ಹೀರುತ್ತಿದ್ದರು, ಅದು ಬೇರೆ ಮಾತು. ನಮ್ಮ ಪ್ರಕಾಶನ ಸಂಸ್ಥೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಅವರ ನಿಜನಾಮಧೇಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ನಮಗೆಲ್ಲ ಅವರು ಬೇಡಪ್ಪ. ಮೊಣಕೈ ಸವೆದ ಕಂದು ಕೋಟು, ಅದರ ಎಡಜೇಬಿನಲ್ಲಿ ಶಂಕಿತ ಫ್ಲಾಪಿಗಳು, ಬಲಜೇಬಿನಲ್ಲಿ ಪರಿಶುದ್ಧವಾದವು. ಎರಡೂ ಎಲ್ಲಿ ಬೆರೆತುಬಿಡುವವೋ ಎಂಬ ಭಯದಿಂದ ತೋಳುಗಳನ್ನು ಮೈಯಿಂದ ತುಸು ದೂರ ಹಿಡಿದು, ತುಂಬಿದ ಕೊಡ ಹೊತ್ತವರ ಹಾಗೆ ನಡೆಯುತ್ತಿದ್ದರು.

ಅವರ ಬದ್ಧವೈರಿ ಮ್ಯಾಕ್ರೊ ವೈರಸ್. ಪತ್ರವನ್ನೋ ಪುಸ್ತಕವನ್ನೋ ಟೈಪು ಮಾಡಿದ ಫೈಲಿನೊಳಗೇ ಅಡಗಿ ಕೂತು, ಫೈಲು ತೆರೆದೊಡನೆ ತಾನಾಗಿ ಎದ್ದು ಕೆಲಸಕ್ಕೆ ತೊಡಗುವ ಕಿಡಿಗೇಡಿ ಆದೇಶಗಳವು. ಇದರಲ್ಲಿ ಮ್ಯಾಕ್ರೊ ಇದೆ, ನಡೆಯಲು ಬಿಡಲೇ ಎಂದು ಯಂತ್ರವೇನೋ ವಿನಯದಿಂದ ಕೇಳುತ್ತದೆ. ಓದದೆಯೇ ಹೂಂ ಎನ್ನುವವರು ನಾವು. ಈ ಹೂಂಕಾರ ಎಂಥದೆಂದು ನನಗೆ ತಿಳಿದದ್ದು ಅತ್ತಿಗೆಯ ದೆಸೆಯಿಂದ.

ಅತ್ತಿಗೆ ಮೂವತ್ತು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಹೊಸ ತಾಯಂದಿರಿಗಾಗಿ ಶಿಶುಪಾಲನೆಯ ಪುಸ್ತಕವೊಂದನ್ನು ನಾಲ್ಕು ವರ್ಷದಿಂದ ಬರೆಯುತ್ತಿದ್ದರು. ಇನ್ನೇನು ಮುಗಿಯಿತು ಎನ್ನುವಾಗ ಒಂದು ದಿನ ಫೋನು ಮಾಡಿ, ಪುಸ್ತಕ ಕೈಬಿಟ್ಟೆ ಎಂದರು. ಮನೆಗೆ ಓಡಿದೆ. ಬಹಳ ಒತ್ತಾಯಿಸಿದ ಮೇಲೆ ಬಾಯಿಬಿಟ್ಟರು: ಬರೆದ ಪದಗಳು ತಪ್ಪು ಜಾಗದಲ್ಲಿ ಸಿಗುತ್ತಿವೆ, ಸ್ನಾನದ ಅಧ್ಯಾಯದ ‘ಬೆಚ್ಚಗಿನ’ ಲಸಿಕೆಯ ಅಧ್ಯಾಯದಲ್ಲಿ ಕೂತಿದೆ, ಇಂದು ತಿದ್ದಿದರೆ ನಾಳೆ ಮತ್ತೊಂದು. ಅವರ ತಾಯಿ ಕೊನೆಗಾಲದಲ್ಲಿ ಹೆತ್ತ ಮಗಳನ್ನೇ ಗುರುತಿಸಲಾರದೆ ಹೋದವರು.

“ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ನಿಮ್ಮಣ್ಣನಿಗೆ ಮಾತ್ರ ಹೇಳ್ಬೇಡ,” ಎಂದರು.

ಮರುದಿನ ಬೇಡಪ್ಪನವರಿಗೆ ದಾರಿಯುದ್ದಕ್ಕೂ ಈ ಕಥೆ ಹೇಳುತ್ತ ಅಲ್ಲಿಗೆ ಕರೆದೊಯ್ದೆ. ಅವರು ಪುಸ್ತಕದ ಫೈಲನ್ನು ಮುಟ್ಟಲೇ ಇಲ್ಲ. ಖಾಲಿ ಹಾಳೆಯೊಂದನ್ನು ತೆರೆದು, ಬರಿದಾಗಿರಬೇಕಿದ್ದ ಅದರ ಮ್ಯಾಕ್ರೊಗಳ ಪಟ್ಟಿ ತುಂಬಿರುವುದನ್ನು ನೋಡಿ ಹುಬ್ಬೇರಿಸಿದರು. ಪ್ರತಿಯೊಂದು ಹೊಸ ಹಾಳೆಯೂ ಒಂದು ಮೂಲ ಅಚ್ಚಿನಿಂದ ಹುಟ್ಟುತ್ತದಂತೆ. ವೈರಸ್ಸು ಸೇರಿಕೊಂಡಿದ್ದುದು ಆ ಅಚ್ಚಿಗೇ. ಹೀಗಾಗಿ, ಸರಿಯಿವೆಯೇ ನೋಡೋಣವೆಂದು ಅತ್ತಿಗೆ ತೆರೆದಿದ್ದ ಹಳೆಯ ಪ್ರತಿಗಳೆಲ್ಲ ಆ ಪರೀಕ್ಷೆಯಿಂದಲೇ ಕೆಟ್ಟಿದ್ದವು. ಹೊರಗಿನ ಫ್ಲಾಪಿ ಯಾವುದಾದರೂ ಬಂದಿತ್ತೇ ಎಂದು ಕೇಳಿದರು. ಪುಟವಿನ್ಯಾಸದ ಮಾದರಿಯೆಂದು ಹಿಂದಿನ ತಿಂಗಳು ಒಂದನ್ನು ತಂದುಕೊಟ್ಟವನು ನಾನೇ. ಅದನ್ನವರು ಎಡಜೇಬಿಗೆ ಹಾಕಿಕೊಂಡರು, ಬೈದಿದ್ದರೆ ವಾಸಿಯಿತ್ತು.

“ಪದ ಎತ್ತಿ ಬೇರೆ ಕಡೆ ಇಡೋದೇ ಈ ವೈರಸ್ಸಿನ ಕೆಲಸ ಅಮ್ಮಾ. ಫೈಲು ತೆರೆದಾಗೆಲ್ಲ ಒಂದೆರಡು. ನಿಮ್ಮ ತಲೆ ಸರಿಯಾಗೇ ಇದೆ.”

ಅತ್ತಿಗೆ ನಂಬಲಿಲ್ಲ. ಮೂವತ್ತು ವರ್ಷ ಪರರಿಗೆ ಸಮಾಧಾನ ಹೇಳಿದವರಿಗೆ ಸಮಾಧಾನದ ಮಾತು ಎಲ್ಲಿ ನಾಟೀತು? ಬೇಡಪ್ಪನವರು ಬಲಜೇಬಿನ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿ, ಕೆಟ್ಟ ಅಚ್ಚನ್ನು ಅಳಿಸಿದರು. ಹೊಸದು ತಾನಾಗಿ ಹುಟ್ಟಿತು. ಪುಸ್ತಕ ತೆರೆಯುವಾಗ ಯಂತ್ರ ಕೇಳಿದ ಪ್ರಶ್ನೆಗೆ ಬಾಯಲ್ಲೂ ಬೆರಳಲ್ಲೂ ಬೇಡವೆಂದು, ಮ್ಯಾಕ್ರೊವನ್ನು ಹೊರಲಾರದ, ಅಕ್ಷರಗಳನ್ನಷ್ಟೇ ಒಯ್ಯುವ ಬೇರೆ ಬಗೆಯ ಫೈಲಾಗಿ ಅದನ್ನು ಉಳಿಸಿದರು. ಆದರೆ ಚದುರಿದ ಪದಗಳು ಮರಳುವುದೆಂತು? ನನ್ನ ಫ್ಲಾಪಿ ಬರುವ ತುಸು ಮೊದಲು ಮುದ್ರಿಸಿಟ್ಟಿದ್ದ ಕಾಗದದ ಪ್ರತಿಯೊಂದಿತ್ತು. ಅತ್ತಿಗೆ ಅದಕ್ಕೆ ಕೈಹಾಕಿದಾಗ ಬೇಡಪ್ಪನವರು ಬೇಡ ಎಂದು ತಮ್ಮ ತೊಡೆಯ ಮೇಲೆ ಬೋರಲಿಟ್ಟುಕೊಂಡು, ನೋಡದೆಯೇ ಹುಡುಕಲು ಹೇಳಿದರು.

ಸಂಜೆಯ ಹೊತ್ತಿಗೆ ಅತ್ತಿಗೆ ಮೂವತ್ತೊಂದು ಪದಗಳನ್ನು ಹೆಕ್ಕಿ ಅವುಗಳ ಸ್ವಸ್ಥಾನಕ್ಕೆ ಸೇರಿಸಿದ್ದರು. ಕಾಗದದೊಡನೆ ಹೋಲಿಸಿದಾಗ ಒಂದೂ ತಪ್ಪಿರಲಿಲ್ಲ. ಬೇಡಪ್ಪನವರು ಗಟ್ಟಿಯಾಗಿ ಓದುವಾಗ ಹಾರಿಸಿದ ಸಾಲೊಂದನ್ನು ಅತ್ತಿಗೆಯೇ ಕಣ್ಣುಮುಚ್ಚಿ ಹೇಳಿದರು. ಆಮೇಲೆ ಕನ್ನಡಕ ತೆಗೆದಿಟ್ಟು ಅತ್ತರು, ಅಳುತ್ತಲೇ ನಕ್ಕರು. ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು. ಆ ಸಂಭ್ರಮದಲ್ಲಿ ಅವರು ಚಹಾ ತಂದರು, ಬೇಡಪ್ಪನವರು ಬೇಡವೆಂದರು, ಅವರ ಭಾಷೆಯ ಪರಿಚಯವಿಲ್ಲದ ಅತ್ತಿಗೆ ಬಟ್ಟಲನ್ನು ಒಳಕ್ಕೆ ಒಯ್ದೇಬಿಟ್ಟರು. ಬೇಡಪ್ಪನವರ ಮುಖವನ್ನು ಆಗ ನೋಡಬೇಕಿತ್ತು.

ಕೊಟ್ಟವರನ್ನು ನೆನೆಯುವುದು ಸುಲಭ, ಕೊಟ್ಟದ್ದು ಕಣ್ಣೆದುರಿಗಿರುತ್ತದೆ. ಬರಬಾರದ್ದನ್ನು ಬಾಗಿಲಲ್ಲೇ ತಡೆದವರ ಗುರುತಾಗಿ ಏನೂ ಉಳಿಯದು. ಸಂಭವಿಸದ ಕೇಡಿಗೆ ಸಾಕ್ಷಿ ಎಲ್ಲಿ? ಅಂಥವರನ್ನು ಸಂಶಯಪ್ರಾಣಿಗಳೆಂದು ಹಂಗಿಸುತ್ತೇವೆ, ಅಡ್ಡಹೆಸರಿಡುತ್ತೇವೆ. ಹಾಗೆ ಇಟ್ಟವರಲ್ಲಿ ನಾನೂ ಒಬ್ಬ. ಅತ್ತಿಗೆಯ ಪುಸ್ತಕ ಈಗ ಐದನೆಯ ಮುದ್ರಣ ಕಂಡಿದೆ. ಎಲ್ಲೋ ಒಬ್ಬ ತಾಯಿ ಅದನ್ನು ಪಕ್ಕದಲ್ಲಿಟ್ಟುಕೊಂಡು ಮಗುವಿನ ಸ್ನಾನಕ್ಕೆ ನೀರು ಹದಮಾಡುತ್ತಿರಬಹುದು. ‘ಬೆಚ್ಚಗಿನ’ ಎಂಬ ಪದ ಇರಬೇಕಾದ ಜಾಗದಲ್ಲೇ ಇದೆ.