ಬಿಸಿಲಲ್ಲಿ ಇಳಿದ ಹೊಳೆ

ನಮ್ಮ ಹೊಳೆಗೆ ಒಂದು ದಿನಚರಿ ಇದೆ. ನಮ್ಮ ಮನೆಯ ಗಂಡಸರಿಗಿಂತ ಅದಕ್ಕೇ ಶಿಸ್ತು ಹೆಚ್ಚು. ಬೆಳಗಿನ ಜಾವ ಬಡಕಲಾಗಿ ಹರಿಯುತ್ತದೆ. ಬಿಸಿಲೇರಿ ಮೇಲೆ ಹಿಮನದಿ ಕರಗತೊಡಗಿದ ಮೇಲೆ, ಮಧ್ಯಾಹ್ನ ಕಳೆದಂತೆ ಉಬ್ಬುತ್ತಾ ಬಂದು ಸಂಜೆಯ ಹೊತ್ತಿಗೆ ಕುದುರೆಯ ಎದೆ ಮುಟ್ಟುತ್ತದೆ. ಆದ್ದರಿಂದ ಕಾರಾ-ತಾಶ್ ಕಣಿವೆಯಲ್ಲಿ ಕುರಿ ದಾಟಿಸುವವರು ಬೆಳಕು ಹರಿಯುವ ಹೊತ್ತಿಗೇ ದಾಟಿಸಿ ಮುಗಿಸುತ್ತಾರೆ. ಮಧ್ಯಾಹ್ನ ಹೊಳೆಗಿಳಿಯುವವನಿಗೆ ಒಂದೋ ತಲೆ ಕೆಟ್ಟಿರಬೇಕು, ಇಲ್ಲವೇ ಆತ ಪೇಟೆಯವನಾಗಿರಬೇಕು.

ನನ್ನ ಹೆಸರು ಸೋನುನ್. ಹತ್ತೊಂಬತ್ತು ಬೇಸಿಗೆಗಳಿಂದ ಈ ದಂಡೆಯಲ್ಲಿ ನೀರು ಅಳೆಯುತ್ತಿದ್ದೇನೆ. ಬೆಳಗ್ಗೆ ಎಂಟಕ್ಕೊಮ್ಮೆ, ಸಂಜೆ ಎಂಟಕ್ಕೊಮ್ಮೆ ದಂಡೆ ಇಳಿದು, ಗೀಟು ಎಳೆದ ಕಬ್ಬಿಣದ ಕಂಬದಲ್ಲಿ ನೀರು ಎಲ್ಲಿ ಮುಟ್ಟಿದೆ ಎಂದು ನೋಡಿ ಬರೆದಿಡುವುದು ನನ್ನ ಕೆಲಸ. ಒಂದು ಬಾಟಲಿಯಲ್ಲಿ ಕೆಸರು ನೀರು ಹಿಡಿದಿಡಬೇಕು, ಎಷ್ಟು ತಣ್ಣಗಿದೆ ಎಂದೂ ಬರೆಯಬೇಕು. ಇಷ್ಟಕ್ಕೆ ಸರ್ಕಾರ ಸಂಬಳ ಕೊಡುತ್ತದೆ ಎಂಬುದು ನನ್ನ ಗಂಡನ ಅಣ್ಣನಿಗೆ ಆಗಿನ್ನೂ ನಂಬಲಾಗದ ವಿಷಯವಾಗಿತ್ತು.

ಬಾವ ಅರವತ್ತಾರರ ಮನುಷ್ಯ. ಊರಿನ ಹನ್ನೊಂದು ಮನೆಗಳ ಆರುನೂರು ಕುರಿಗಳನ್ನು ಪ್ರತಿ ಬೇಸಿಗೆ ಇಲ್ಲಿಗೆ ಹೊಡೆದುಕೊಂಡು ಬಂದು ಮೇಯಿಸುವವರು ಅವರೇ. ಊರಿನವರು ಅವರ ಹೆಸರನ್ನು ಚಿಕ್ಕದು ಮಾಡಿ, ಗೌರವದಿಂದ ಶಾಕೆ ಎನ್ನುತ್ತಾರೆ. ಮನೆಸೊಸೆಯಾದ ನಾನು ಅದನ್ನೂ ಬಾಯಿಗೆ ತರುವಂತಿಲ್ಲ. ಗಂಡನ ಕಡೆಯ ಹಿರಿಯರ ಹೆಸರನ್ನು ನಮ್ಮಲ್ಲಿ ಸೊಸೆಯಂದಿರು ಹೇಳುವುದಿಲ್ಲ. ಮೂವತ್ತೊಂದು ವರ್ಷ ನನಗೆ ಅವರು ಬಾವ, ಅಷ್ಟೇ.

ಎರಡು ವರ್ಷದ ಹಿಂದೆ ಒಂದು ಸಲ, ಹೊಳೆ ಹುಟ್ಟುವ ಹಿಮನದಿಯ ಬುಡದ ಮೇಲಿನ ಕೆರೆ ಒಡೆಯಬಹುದು ಎಂದು ನಾನು ಹೇಳಿದ್ದೆ. ಸುರಿಯುವ ಮಳೆಯಲ್ಲಿ ಬಾವ ಕಂಬಳಿ ಡೇರೆ ಕಿತ್ತು ಗುಡ್ಡದ ಮೇಲೆ ಹೂಡಿದರು. ಕೆರೆ ಒಡೆಯಲಿಲ್ಲ. ಬಾವನ ಹೆಂಡತಿಗೆ ಒಂದು ತಿಂಗಳು ಕೆಮ್ಮು ಬಂತು. ಅಂದಿನಿಂದ ಕಂಬದ ಹತ್ತಿರ ನನ್ನನ್ನು ಕಂಡಾಗಲೆಲ್ಲ ಅವರದು ಒಂದೇ ಮಾತು.

"ಏನಮ್ಮಾ, ಇವತ್ತು ಪ್ರಳಯ ಎಷ್ಟು ಗಂಟೆಗೆ?"

"ನಿಮ್ಮ ಊಟ ಆದ್ಮೇಲೆ ಬಾವ," ಎನ್ನುತ್ತಿದ್ದೆ. ನಗುತ್ತಾ ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇದು ನಡೆದದ್ದು ಜುಲೈ ಕೊನೆಯಲ್ಲಿ. ಐದು ದಿನದಿಂದ ಮೋಡದ ತುಣುಕೂ ಇರಲಿಲ್ಲ, ಕಲ್ಲಿನ ಮೇಲೆ ಒಣಗಲು ಹಾಕಿದ ಮೊಸರುಂಡೆ ಒಂದೇ ದಿನಕ್ಕೆ ಕಲ್ಲಾಗುತ್ತಿತ್ತು. ನನ್ನ ಗಂಡ ಹಿಟ್ಟು ತರಲು ನಾರಿನ್ ಪೇಟೆಗೆ ಹೋಗಿದ್ದರು. ರಾಜಧಾನಿ ಬಿಶ್ಕೆಕ್‌ನಿಂದ ಬಂದಿದ್ದ ನುರಿಲಾ ಎಂಬ ವಿಜ್ಞಾನಿ ಹುಡುಗಿ ಹನ್ನೆರಡು ದಿನದಿಂದ ಮೇಲಿನ ಕೆರೆಯ ದಡದಲ್ಲಿ ಯಂತ್ರಗಳನ್ನಿಟ್ಟುಕೊಂಡು ಕೂತಿದ್ದಳು. ದಿನಕ್ಕೆ ಮೂರು ಸಲ ರೇಡಿಯೋದಲ್ಲಿ ಮಾತಾಡುತ್ತಿದ್ದೆವು. ಅವಳು ಕೆರೆಯ ಮಟ್ಟ ಹೇಳುವಳು, ನಾನು ಹೊಳೆಯ ಮಟ್ಟ ಹೇಳುವೆ. ಆಮೇಲೆ ಇಬ್ಬರೂ ಸ್ವಲ್ಪ ಹರಟುವೆವು.

ಮೂರೂವರೆಗೆ ಮೊಸರುಂಡೆ ಮಗುಚುತ್ತಾ ನಿಂತಿದ್ದೆ. ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಗೊತ್ತಾಯಿತು, ನನ್ನ ಉಸಿರು ನನಗೆ ಕೇಳುತ್ತಿತ್ತು. ಈ ದಂಡೆಯಲ್ಲಿ ಬೇಸಿಗೆಯ ಮಧ್ಯಾಹ್ನ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಹೊಳೆಯ ಮೊರೆತಕ್ಕೆ ಕಿವಿ ಎಷ್ಟು ಒಗ್ಗಿಹೋಗಿತ್ತೆಂದರೆ ಅದು ನಿಂತಾಗಲೇ ಅದು ಇತ್ತೆಂದು ತಿಳಿದದ್ದು.

ಕೆಳಗೆ ಓಡಿದೆ. ಕಂಬದ ಮೇಲೆ ಒದ್ದೆ ಪಟ್ಟಿ ಎದೆಯೆತ್ತರದಲ್ಲಿತ್ತು, ನೀರು ಮೊಣಕಾಲಿನ ಹತ್ತಿರವಿತ್ತು. ನಾನು ನೋಡನೋಡುತ್ತಿದ್ದಂತೆ ಮತ್ತೆ ಎರಡು ಬೆರಳು ಇಳಿಯಿತು. ಒದ್ದೆ ಕಲ್ಲುಗಳು ಒಂದೊಂದಾಗಿ ಬಿಸಿಲಲ್ಲಿ ಬಿಳಿಚಿಕೊಳ್ಳುತ್ತಿದ್ದವು. ಅವನ್ನು ನಾನು ಹಿಂದೆಂದೂ ಕಂಡಿರಲಿಲ್ಲ, ಹೊಳೆಯ ತಳದಲ್ಲಿ ಅಷ್ಟು ಬಣ್ಣದ ಕಲ್ಲುಗಳಿವೆ ಎಂದು ಹತ್ತೊಂಬತ್ತು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಹಸಿರು, ಕೆಂಪು, ಎಣ್ಣೆ ಸವರಿದಂಥ ಕಪ್ಪು. ಒಂದು ಗಳಿಗೆ ಬೆಪ್ಪಾಗಿ ನಿಂತು ನೋಡಿದೆ.

ಆಮೇಲೆ ಮೇಲೆ ಓಡಿಹೋಗಿ ರೇಡಿಯೋ ಹಿಡಿದೆ.

"ನುರಿಲಾ, ಕೆರೆ ಎಷ್ಟಿದೆ?"

"ಬೆಳಗ್ಗೆಗಿಂತ ಎರಡು ಬೆರಳು ಹೆಚ್ಚೇ ಇದೆ ಅಕ್ಕ. ಕೋಡಿ ತುಂಬಿ ಹೋಗ್ತಿದೆ, ಪಕ್ಕದಲ್ಲೇ ನಿಂತಿದೀನಿ. ಏನಾಯ್ತು?"

"ಇಲ್ಲಿ ನೀರಿಲ್ಲ."

"ಇಲ್ಲ ಅಂದ್ರೆ?"

"ಮೊಣಕಾಲುದ್ದ ಇದೆ. ಇನ್ನೂ ಇಳೀತಾ ಇದೆ."

ಅವಳು ನಿಧಾನವಾಗಿ ಕೇಳಿದಳು, "ಹಾಗಾದ್ರೆ ಇಲ್ಲಿಂದ ಹೋಗ್ತಿರೋ ನೀರೆಲ್ಲ ಎಲ್ಲಿ ಹೋಗ್ತಿದೆ ಅಕ್ಕ?"

ಕೆರೆಗೂ ನನ್ನ ಕಂಬಕ್ಕೂ ನಡುವೆ ಹದಿನಾಲ್ಕು ಕಿಲೋಮೀಟರ್ ಇಕ್ಕಟ್ಟಾದ ಕಮರಿ ಇದೆ. ಅದರಲ್ಲೆಲ್ಲೋ ಬೆಟ್ಟ ಕುಸಿದು ಹೊಳೆಗೆ ಅಡ್ಡ ಬಿದ್ದಿದೆ, ಅದರ ಹಿಂದೆ ನೀರು ಏರುತ್ತಿದೆ, ಮಣ್ಣಿನ ಆ ಕಟ್ಟೆ ಹೆಚ್ಚು ಹೊತ್ತು ತಡೆಯುವುದಿಲ್ಲ. ಇದು ತಿಳಿಯಲು ಯಂತ್ರ ಬೇಕಿರಲಿಲ್ಲ.

"ಕೆಳಗಿನ ಊರಿಗೆ ನಾನು ಹೇಳ್ತೀನಿ, ನೀವು ದಂಡೆ ಬಿಟ್ಟು ಮೇಲೆ ಹೋಗಿ," ಎಂದಳು ನುರಿಲಾ.

ಹೋಗುತ್ತಿದ್ದೆ. ಆದರೆ ತಿರುಗಿ ನೋಡಿದರೆ ಹೊಳೆಯಲ್ಲಿ ಕುರಿಗಳಿದ್ದವು.

ಆಚೆ ದಂಡೆಯ ಹುಲ್ಲು ಯಾವಾಗಲೂ ಚೆನ್ನಾಗಿರುತ್ತದೆ, ಬೆಳಗಿನ ಜಾವ ಮಾತ್ರ ದಾಟಲಾಗುವುದರಿಂದ ಅಲ್ಲಿ ಮೇಯುವ ಕುರಿ ಕಡಿಮೆ. ಮಧ್ಯಾಹ್ನ ಹೊಳೆ ಬತ್ತಿದ್ದನ್ನು ಕಂಡ ಬಾವ ಅದನ್ನು ದೇವರು ಕೊಟ್ಟ ವರವೆಂದುಕೊಂಡಿದ್ದರು. ಹೊಳೆಯ ನಾಡಿ ಬಲ್ಲ ಕುರುಬನೇ ಮಾಡಬಹುದಾದ ತಪ್ಪು ಅದು. ಪೇಟೆಯವನಾಗಿದ್ದರೆ ಹೆದರಿ ದೂರ ನಿಲ್ಲುತ್ತಿದ್ದ. ಕಡಿಮೆ ನೀರು ಅಂದರೆ ದಾಟು ಎಂದು ಐವತ್ತು ವರ್ಷ ಇವರಿಗೆ ಕಲಿಸಿದ್ದು ಈ ಹೊಳೆಯೇ.

ಹೊಳೆಯ ಪಾತ್ರ ಅಲ್ಲಿ ಅರ್ಧ ಕಿಲೋಮೀಟರ್ ಅಗಲ, ಬರೀ ಜಲ್ಲಿ, ನಡುನಡುವೆ ಸಣ್ಣ ಕವಲುಗಳು. ಬಾವನ ಕಂದು ಕುದುರೆ ಮುಂದೆ. ಅದರ ಹಿಂದೆ ಕೊರಳಲ್ಲಿ ಗಂಟೆ ಕಟ್ಟಿದ ಹೋತ. ಹೋತದ ಹಿಂದೆ ಆರುನೂರು ಕುರಿ. ಕುರಿ ಹೋತವನ್ನು ಬಿಟ್ಟು ಹೋಗುವುದಿಲ್ಲ, ಹೋತ ಬಾವನ ಕುದುರೆಯನ್ನು ಬಿಟ್ಟು ಹೋಗುವುದಿಲ್ಲ. ಆಗಲೇ ಸರಿಯಾಗಿ ನಡುಮಧ್ಯಕ್ಕೆ ತಲುಪಿದ್ದರು.

ದಂಡೆಯ ತುದಿಗೆ ಓಡಿದೆ. "ಬಾವ, ವಾಪಸ್ ಬನ್ನಿ, ಮೇಲೆ ಹೊಳೆ ಕಟ್ಟಿಕೊಂಡಿದೆ, ನೀರು ಬರುತ್ತೆ," ಎಂದು ಕೂಗಿದೆ. ಆ ಮೌನದಲ್ಲಿ ನನ್ನ ದನಿ ಚೆನ್ನಾಗಿ ಕೇಳಿಸಿತು. ಅವರು ತಿರುಗಲೂ ಇಲ್ಲ, ಚಾಟಿ ಎತ್ತಿ ಬೀಸಿದರು.

"ಗೊತ್ತಾಯ್ತಮ್ಮಾ, ಪ್ರಳಯ," ಎಂದರು. ದನಿಯಲ್ಲಿ ನಗುವಿತ್ತು.

"ಬಾವ, ತಮಾಷೆ ಅಲ್ಲ, ನಿಮ್ಮ ಕಾಲಿಗೆ ಬೀಳ್ತೀನಿ."

"ಡೇರೆ ಕಿತ್ತಿಡು, ಬರ್ತೀನಿ."

ಕುದುರೆ ಹೆಜ್ಜೆ ಹಾಕುತ್ತಲೇ ಇತ್ತು. ಆಚೆ ದಂಡೆ ಕಡಿದಾದ ಗೋಡೆ, ಹತ್ತುವ ಒಂದೇ ದಾರಿ ಇನ್ನೂ ಕೆಳಗಿತ್ತು. ಕುರಿಗಳ ಜೊತೆ ಅಲ್ಲಿಗೆ ತಲುಪಲು ಇಪ್ಪತ್ತು ನಿಮಿಷವಾದರೂ ಬೇಕು. ಈಚೆಗೆ ಬರಲು ಐದು ನಿಮಿಷ ಸಾಕು. ಅಷ್ಟರಲ್ಲಿ ಕಮರಿಯ ಬಾಯಿಯಿಂದ ತಣ್ಣನೆಯ ಗಾಳಿ ಬಂದು ಮುಖಕ್ಕೆ ಬಡಿಯಿತು. ಆ ಬಿಸಿಲಲ್ಲಿ ಆ ಗಾಳಿಗೆ ಕಲ್ಲಿಗೆ ಕಲ್ಲು ತಿಕ್ಕಿದ ವಾಸನೆಯಿತ್ತು.

ಆಗ ಏನು ಯೋಚಿಸಿದೆನೋ ನನಗೆ ತಿಳಿಯದು. ಬಹುಶಃ ಏನೂ ಯೋಚಿಸಲಿಲ್ಲ. ಹೊಟ್ಟೆಯಾಳದಿಂದ ದನಿ ತೆಗೆದು ಕೂಗಿದೆ.

"ಏ ಶಾರ್ಶೆನ್, ಬಾರೋ ಈ ಕಡೆ!"

ಮೂವತ್ತೊಂದು ವರ್ಷ ನಾಲಿಗೆಯ ಮೇಲೆ ಬರದ ಹೆಸರು ಅಷ್ಟು ಸಲೀಸಾಗಿ ಬಂತು, ಜೊತೆಗೆ ಬಾರೋ ಎಂಬುದೂ ಬಂತು. ಕಣಿವೆಯ ಗೋಡೆಗಳು ಅದನ್ನು ಎರಡೆರಡು ಸಲ ಹೇಳಿದವು. ಕುದುರೆ ನಿಂತಿತು. ಬಾವ ಜೀನಿನ ಮೇಲೆ ಕೂತಲ್ಲೇ ಕಲ್ಲಾದರು. ಆಮೇಲೆ ಲಗಾಮು ಎಳೆದು ಕುದುರೆಯನ್ನು ಸುತ್ತ ತಿರುಗಿಸಿ ನೇರ ನನ್ನ ಕಡೆಗೆ ಓಡಿಸಿದರು. ಹೋತವೂ ತಿರುಗಿತು. ಹಿಂಡು ನೀರು ಚಿಮ್ಮಿಸುತ್ತಾ ಹಿಂದೆ ಬಂತು. ಚಾಟಿ ಏಟು ಬೀಳುವುದು ಖಂಡಿತ ಎಂದುಕೊಂಡು ನಿಂತೇ ಇದ್ದೆ. ಬೀಳಲಿ ಎಂದುಕೊಂಡೆ.

ದಂಡೆ ಹತ್ತಿ ನನ್ನೆದುರು ಕುದುರೆ ನಿಲ್ಲಿಸಿದಾಗ ಅವರ ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಇಷ್ಟು ಕೋಪ ಯಾರ ಮುಖದಲ್ಲೂ ನೋಡಿರಲಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಕಾಲಡಿಯ ನೆಲ ಗುಡುಗಿತು.

ನಾನು ಕಂಡದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮೊದಲು ಬಂದದ್ದು ನೀರಲ್ಲ. ಕಮರಿಯ ಬಾಯಿಂದ ಒಂದು ಕಪ್ಪು ಗೋಡೆ ನಡೆದುಬಂತು, ಓಡಿಬರಲಿಲ್ಲ, ನಡೆದೇ ಬಂತು. ಅದರ ಮೋರೆಯ ತುಂಬ ಬಂಡೆಗಳು, ಬೇರು ಸಹಿತ ಮರಗಳು, ಮಣ್ಣು. ಮನೆ ಗಾತ್ರದ ಬಂಡೆಗಳು ಒಂದರ ಮೇಲೊಂದು ಹತ್ತಿ ಮುಂದಕ್ಕೆ ಉರುಳುತ್ತಿದ್ದವು. ಗೋಡೆಯ ಮೇಲೆ ಧೂಳು ಏಳುತ್ತಿತ್ತು, ನೀರಿನ ಮೇಲೆ ಧೂಳು. ಬಂಡೆಗಳ ನಡುವೆ ಹಿಮಗಡ್ಡೆಗಳು ಮಗುಚಿಕೊಳ್ಳುತ್ತಿದ್ದವು, ಒಡೆದಲ್ಲಿ ಒಳಗೆ ಕಡು ನೀಲಿ. ಸಾವಿರ ವರ್ಷ ಬೆಳಕು ಕಾಣದ ನೀಲಿ ಅದು ಎಂದು ನುರಿಲಾ ಆಮೇಲೆ ಹೇಳಿದಳು. ಆ ಬಿಸಿಲಲ್ಲಿ, ಆ ಕೆಸರಿನಲ್ಲಿ, ಅಷ್ಟು ಶುಭ್ರವಾದ ಬಣ್ಣವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ನನ್ನ ಕಂಬ ಕಡ್ಡಿಯಂತೆ ಬಗ್ಗಿ ಕಾಣೆಯಾಯಿತು. ಬಾವ ನಿಂತಿದ್ದ ಜಲ್ಲಿಯ ದಿಬ್ಬ ಇರಲಿಲ್ಲ. ಹಿಂಡಿನ ತುದಿಯಲ್ಲಿ ಇನ್ನೂ ಜಲ್ಲಿಯ ಮೇಲೇ ಉಳಿದಿದ್ದ ನಲವತ್ತು ಕುರಿಗಳು ಒಂದು ಸಲ ಕೂಗಲೂ ಇಲ್ಲ. ನಾನು ಹೆದರಿದ್ದೆ, ನಿಜ. ಆದರೆ ಹೆದರಿಕೆಗಿಂತ ದೊಡ್ಡದೊಂದು ಎದೆಯಲ್ಲಿ ತುಂಬಿತ್ತು, ಹೇಳಿಕೊಳ್ಳಲು ನಾಚಿಕೆ, ಅದು ಸಂತೋಷವೇ ಇದ್ದಿರಬೇಕು. ಇಷ್ಟು ವರ್ಷ ನಾನು ಬೆರಳಿನಲ್ಲಿ ಅಳೆಯುತ್ತಿದ್ದದ್ದು ಇದನ್ನೇ ಎಂದು ಗೊತ್ತಾದ ಸಂತೋಷ. ಬಾವ ಪಕ್ಕದಲ್ಲಿ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

ಐದೂವರೆಗೆ ನುರಿಲಾ ಮಾತಾಡಿದಳು. ಕೆಳಗಿನ ಊರಿನವರು ಗುಡ್ಡ ಹತ್ತಿದ್ದರು, ಎರಡು ಸೇತುವೆ ಹೋಗಿತ್ತು, ಜನ ಕ್ಷೇಮ. "ಅಕ್ಕ, ಮೇಲಿನ ದಿಣ್ಣೆಯಿಂದ ನೋಡ್ತಿದೀನಿ. ನಿನ್ನೆ ಇದ್ದ ಬೆಟ್ಟದ ಪಕ್ಕೆ ಅದರ ಹಿಮದ ಸಮೇತ ಇವತ್ತಿಲ್ಲ," ಎಂದಳು.

ಬಾವ ಆಗಲೇ ಕುರಿಗಳನ್ನು ಮೇಲಿನ ಹುಲ್ಲಿಗೆ ಬಿಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಒಬ್ಬರೇ ದಂಡೆಯ ಇಳಿಜಾರಿಗೆ ಹೋಗಿ ಕೂತಿದ್ದರು. ಹೋದ ಕುರಿಗಳಿಗೆ ಹನ್ನೊಂದು ಮನೆಗೆ ಉತ್ತರ ಹೇಳಬೇಕಾದವರು ಅವರೇ. ಅದಕ್ಕಿಂತ ಹೆಚ್ಚಾಗಿ, ಹಿರಿಯರನ್ನು ನಾಯಿಯನ್ನು ಕರೆದಂತೆ ಕರೆದ ಸೊಸೆ ನಾನು. ನನ್ನ ಗಂಡ ಹಿಂದಿರುಗಿದರೆ ಏನು ಹೇಳಲಿ ಎಂದು ಒಳಗೊಳಗೇ ಕುಗ್ಗಿದೆ. ಜೀವ ಉಳಿಯಿತಲ್ಲ ಎಂದು ಒಂದು ಮನಸ್ಸು ಅನ್ನುತ್ತಿತ್ತು. ಇನ್ನೊಂದು ಮನಸ್ಸು, ಉಳಿದ ಜೀವಕ್ಕೆ ಇನ್ನು ನಿನ್ನ ಮುಖ ನೋಡಲಾಗುತ್ತದೆಯೇ ಎಂದು ಕೇಳುತ್ತಿತ್ತು.

ಏಳು ಗಂಟೆಗೆ ಧೈರ್ಯ ಮಾಡಿ ಹಾಲು ಹಾಕಿದ ಚಹ, ರೊಟ್ಟಿ ಹಿಡಿದು ಇಳಿದೆ. ನೀರು ಆಗ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಬಾವನ ಪಕ್ಕ ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಆರು ಬಿಳಿ ಕಲ್ಲುಗಳಿದ್ದವು. ನಾನು ನೋಡುತ್ತಿದ್ದಂತೆ ಅವರು ಕೈಗಡಿಯಾರ ನೋಡಿಕೊಂಡು, ಏಳನೆಯದನ್ನು ನೀರಿನ ಅಂಚಿಗೆ ಸರಿಯಾಗಿ ಇಟ್ಟರು.

"ಮೇಲಿಂದು ನೀರು ಎಲ್ಲಕ್ಕಿಂತ ಎತ್ತರಕ್ಕೆ ಬಂದಾಗ ಇಟ್ಟದ್ದು, ನಾಲ್ಕು ಗಂಟೆ," ಎಂದರು ನನ್ನ ಕಡೆ ನೋಡದೆ. "ಆಮೇಲೆ ಅರ್ಧ ಗಂಟೆಗೊಂದು. ನಿನ್ನ ಕಂಬ ಹೋಯ್ತಲ್ಲ. ಬೇಕಾಗುತ್ತೇನೋ ಅಂತ."

ಬಟ್ಟಲು ಅವರ ಮುಂದಿಟ್ಟೆ. "ಬಾವ, ತಪ್ಪಾಯ್ತು. ಬೇರೆ ದಾರಿ ಕಾಣ್ಲಿಲ್ಲ. ಸಿಟ್ಟು ಬಂದಾದ್ರೂ ತಿರುಗ್ತೀರಿ ಅಂತ..."

"ಸಿಟ್ಟಾ?" ಎಂದರು. ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿಕೊಂಡರು. "ಊರಲ್ಲಿ ಹಾಗೇ ಹೇಳ್ತೀನಿ, ಸಿಟ್ಟು ಬಂದು ತಿರುಗ್ದೆ ಅಂತ. ಬರೀ ಹೆಸರು ಹಿಡಿದು, ಬಾರೋ ಅಂತ ನನ್ನ ಕರೀತಿದ್ದದ್ದು ಅವ್ವ ಒಬ್ಬಳೇ. ಅವಳು ಹೋಗಿ ಮೂವತ್ನಾಲ್ಕು ವರ್ಷ ಆಯ್ತು. ಅವಳು ಕರೆದ್ಲು ಅಂತ ತಿರುಗ್ದೆ ಕಣಮ್ಮಾ. ಹತ್ತಿರ ಬಂದು ನೋಡಿದ್ರೆ ನೀನು ನಿಂತಿದ್ದೆ."

ನಾನು ಅವರ ಪಕ್ಕದ ಕಲ್ಲಿನ ಮೇಲೆ ಕೂತೆ. ನೀರು ಏಳನೆಯ ಕಲ್ಲನ್ನು ಬಿಟ್ಟು ಕೆಳಗಿಳಿಯುತ್ತಿತ್ತು. ಅವರು ಚಹ ಕುಡಿದು, ರೊಟ್ಟಿಯಲ್ಲಿ ಅರ್ಧ ನನಗೆ ಮುರಿದುಕೊಟ್ಟರು.