ಹೊರೆಗಲ್ಲಿನ ಸುತ್ತು

ತಮ್ಮ ದನಿ ಬಾಯಿಂದಲ್ಲ, ಸೊಂಟದಿಂದ ಬರುತ್ತಿದೆ ಎಂಬುದಕ್ಕೆ ಮಲ್ಲಿಕಾರ್ಜುನಪ್ಪನವರು ಇನ್ನೂ ಒಗ್ಗಿರಲಿಲ್ಲ. ಕೆನ್ನೆಯ ಪಕ್ಕದಲ್ಲಿ ಕಡ್ಡಿಯಂಥ ಮೈಕು, ಬೆಲ್ಟಿಗೆ ಸಿಕ್ಕಿಸಿದ ಪುಟ್ಟ ಸ್ಪೀಕರು. ಅವರು ‘ಬನ್ನಿ’ ಎಂದರೆ ಸೊಂಟ ಅರೆಕ್ಷಣ ತಡವಾಗಿ ‘ಬನ್ನಿ’ ಎನ್ನುತ್ತಿತ್ತು. ಪ್ರವಾಸಿಗಳು ಸೊಂಟದ ಮಾತಿಗೆ ತಲೆಯಾಡಿಸುತ್ತಿದ್ದರು.

“ಸಖರಾಯಪಟ್ಟಣದ ರುಕ್ಮಾಂಗದನೆಂಬ ಅರಸು ತನ್ನ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಎಂದು ಹೇಳುತ್ತಾರೆ. ಅದಕ್ಕೇ ಚಿಕ್ಕಮಗಳೂರು. ಹಿರಿಯ ಮಗಳಿಗೆ ಕೊಟ್ಟದ್ದು ನಾವೀಗ ನಿಂತಿರುವ ಹಿರೇಮಗಳೂರು.”

“ಗಂಡ್ಮಕ್ಕಳಿಗೆ ಏನ್ ಕೊಟ್ನಂತೆ ಸಾ?” ಎಂದು ಹಿಂದಿನಿಂದ ಒಬ್ಬ ವಯಸ್ಸಾದ ಹೆಂಗಸು ಕೇಳಿದರು.

“ಅದಕ್ಕೆ ಆಧಾರ ಸಿಗುವುದಿಲ್ಲ.”

“ಬೈಗುಳ ಕೊಟ್ಟಿರ್ತಾನೆ ಬಿಡಿ.”

ಎಲ್ಲರೂ ನಕ್ಕರು. ಮಲ್ಲಿಕಾರ್ಜುನಪ್ಪನವರೂ ನಕ್ಕರು. ಸೊಂಟವೂ ನಕ್ಕಿತು.

ಕಾಲೇಜಿನಲ್ಲಿ ಅವರು ಇತಿಹಾಸ ಪಾಠ ಮಾಡುತ್ತಿದ್ದಾಗ ಯಾರೂ ನಕ್ಕಿರಲಿಲ್ಲ. ನಿವೃತ್ತಿಯಾದ ಮೇಲೆ ಅಣ್ಣನ ಮಗ ಬಸವಪ್ರಸಾದ ಟೆಂಪೋ ಟ್ರಾವೆಲರ್ ಕೊಂಡ. “ಸುಮ್ನೆ ಕೂತ್ರೆ ತುಕ್ಕು ಹಿಡೀತೀರಿ ಚಿಕ್ಕಪ್ಪ. ಊರು ತೋರಿಸಿ” ಎಂದು ಕೈಗೆ ಒಂದು ಹಳದಿ ಬಾವುಟ ಕೊಟ್ಟ. ಶನಿವಾರ, ಭಾನುವಾರ ಊರು ತೋರಿಸುವುದು. ಹುಟ್ಟಿದ ಊರನ್ನೇ ತೋರಿಸುತ್ತ ತೋರಿಸುತ್ತ ಅವರಿಗೆ ಅದು ಬೇರೆ ಯಾರದೋ ಊರಿನಂತೆ ಕಾಣತೊಡಗಿತ್ತು. ಇದನ್ನು ಅವರು ಹೆಂಡತಿಗೆ ಒಮ್ಮೆ ಹೇಳಿದ್ದರು. “ಹಾಗಾದ್ರೆ ಟಿಕೆಟ್ ತಗೊಳ್ಳಿ” ಎಂದಿದ್ದಳು ಗಿರಿಜಾಂಬಾ.

ಆಕೆಯೂ ಜೊತೆಗೆ ಬರುತ್ತಿದ್ದಳು. ಡ್ರೈವರ್ ಉಮೇಶನ ಹಿಂದಿನ ಕಿಟಕಿಯ ಸೀಟು, ಮಡಿಲಲ್ಲಿ ಕೋಡುಬಳೆಯ ಡಬ್ಬಿ. ಗಂಡ ಶಾಸನದ ಪಾಠ ಹೇಳುತ್ತಿದ್ದರೆ ಹೆಂಗಸರೆಲ್ಲ ಡಬ್ಬಿಯ ಸುತ್ತ ಇರುತ್ತಿದ್ದರು.

ಕಳೆದ ಶ್ರಾವಣದಲ್ಲಿ ಗಿರಿಜಾಂಬಾ ಲಿಂಗೈಕ್ಯಳಾದಳು. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಬಂದವರೆಲ್ಲ ಹೇಳಿದರು. ಅಷ್ಟು ಜನ ಹೇಳಿದ ಮೇಲೆ ಇರಬಹುದು ಎಂದು ಮಲ್ಲಿಕಾರ್ಜುನಪ್ಪನವರೂ ಒಪ್ಪಿದ್ದರು.

ಕಾರ್ತಿಕದಲ್ಲಿ ಮತ್ತೆ ಬಾವುಟ ಹಿಡಿದಾಗ, ಹಿಂದೆ ಬಂದಿದ್ದ ಶಿವಮೊಗ್ಗದವರೊಬ್ಬರು “ಅಮ್ಮ ಬಂದಿಲ್ವಾ?” ಎಂದು ಕೇಳಿದರು. “ಮನೇಲಿದಾಳೆ” ಎಂಬ ಮಾತು ತಾನಾಗಿ ಬಂತು. ಹೇಳಲು ಕಷ್ಟವೇ ಆಗಲಿಲ್ಲ. ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳಿದರು. ಅದೂ ಪ್ರವಾಸದ ಒಂದು ಸಾಲಾಯಿತು.

ನಿನ್ನೆ ಸಂಜೆಯವರೆಗೆ ಅದರಿಂದ ತೊಂದರೆಯಾಗಿರಲಿಲ್ಲ. ನಿನ್ನೆ ಮನೆಗೆ ಬಂದರೆ ಬಾಗಿಲಿಗೆ ಬೀಗ. ಅವರಿಗೆ ಸಿಟ್ಟು ಬಂತು. ಹೇಳದೆ ಕೇಳದೆ ಎಲ್ಲಿಗೆ ಹೋದಳು ಇವಳು? ಜಗಲಿಯ ಮೇಲೆ ಕೂತು ಕಾದರು. ಪಕ್ಕದ ಮನೆಯ ಸೌಜನ್ಯ “ಬೀಗದಕೈ ಕಳೆದುಹೋಯ್ತಾ ಸಾರ್?” ಎಂದು ಕೇಳಿದ ಮೇಲೆ ಜೇಬಿಗೆ ಕೈಹಾಕಿದರು. ಅಲ್ಲೇ ಇತ್ತು.

ಆದ್ದರಿಂದ ಈ ಬೆಳಿಗ್ಗೆ, ಅಂಗೈಯ ಮೇಲಿನ ಲಿಂಗಕ್ಕೆ ಬಿಲ್ವಪತ್ರೆ ಏರಿಸಿ, ಅವರು ನಿರ್ಧಾರ ಮಾಡಿದ್ದರು. ಇವತ್ತು ಯಾರಾದರೂ ಕೇಳಿದರೆ ಇದ್ದದ್ದನ್ನು ಹೇಳಿಬಿಡಬೇಕು. ಒಂದು ಸಲ ಹೇಳಿದರೆ ಸಾಕು. ಯಾರೂ ಕೇಳದಿದ್ದರೆ ಮುಂದಿನ ವಾರ. ಶಿವದಾರಕ್ಕೆ ಮೈಕಿನ ವೈರು ತೊಡರದಂತೆ ಸರಿಪಡಿಸಿಕೊಂಡು ಹೊರಟಿದ್ದರು.

ಹಿರೇಮಗಳೂರಿನ ದೇವಸ್ಥಾನದ ಪ್ರಾಕಾರದಿಂದ ಹೊರಗೆ ಬರುವಾಗ ಗುಂಪಿನಲ್ಲಿದ್ದ ಒಬ್ಬಳು ಹುಡುಗಿ ಎದುರಿಗೆ ಬಂದು ನಿಂತಳು. ಕೊರಳಲ್ಲಿ ತಾಳಿ, ಕೈಯಲ್ಲಿ ದೊಡ್ಡ ಬಟ್ಟೆಯ ಚೀಲ.

“ಗುರುತು ಸಿಕ್ತಾ ಅಂಕಲ್? ಕೃತಿಕಾ. ತಿಪಟೂರು. ಹೋದ್ವರ್ಷ ಆಫೀಸಿನವರ ಜೊತೆ ಬಂದಿದ್ದೆ. ಆಂಟಿ ಎಲ್ಲಿ?”

ಮಲ್ಲಿಕಾರ್ಜುನಪ್ಪನವರು ಬಾಯಿ ತೆರೆದರು.

“ಮನೇಲಿದಾಳೆ” ಎಂದಿತು ಸೊಂಟ.

ಮೈಕು ಆರಿಸಿರಲಿಲ್ಲ. ಮುಂದೆ ಹೋಗುತ್ತಿದ್ದವರೆಲ್ಲ ತಿರುಗಿ ನೋಡಿದರು. ವ್ಯಾನಿನ ಗಾಜು ಒರೆಸುತ್ತಿದ್ದ ಉಮೇಶ ಒಂದು ಗಳಿಗೆ ಕೈ ನಿಲ್ಲಿಸಿ, ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

“ಒಳ್ಳೇದೇ ಆಯ್ತು” ಎಂದಳು ಕೃತಿಕಾ. “ಟೂರ್ ಮುಗಿದ್ಮೇಲೆ ಮನೆಗೇ ಬರ್ತೀವಿ. ಆಂಟಿಗೆ ಮಡಿಲು ತುಂಬ್ಬೇಕು. ಐದೇ ನಿಮಿಷ.”

“ಮನೆಯಲ್ಲಿ… ಇಲ್ಲ.”

“ಈಗ ತಾನೆ ಇದಾರೆ ಅಂದ್ರಿ?”

“ಹೊರಗೆ ಹೋಗಿದಾಳೆ.”

“ಎಷ್ಟೊತ್ತಿಗೆ ಬರ್ತಾರೆ?”

“ಹೇಳೋಕಾಗಲ್ಲ.”

ಬೈಗುಳದ ಮಾತಾಡಿದ್ದ ಹೆಂಗಸು ಇಷ್ಟರಲ್ಲಿ ಬಂದು ಸೇರಿಕೊಂಡಿದ್ದರು. “ಹೆಂಗಸ್ರು ಹೊರಗೆ ಹೋದ್ರೆ ಅಂಗೇ ಸಾ. ನಮ್ಮೆಜಮಾನ್ರು ಪಾಪ, ಈಗ್ಲೂ ಬಾಗಿಲಲ್ಲಿ ಕಾಯ್ತಾ ಕೂತಿರ್ತಾರೆ” ಎಂದರು. ಎಲ್ಲರೂ ಮತ್ತೆ ನಕ್ಕರು. ಬಾವುಟ ಎತ್ತಿ ಮಲ್ಲಿಕಾರ್ಜುನಪ್ಪನವರು ವ್ಯಾನಿನ ಕಡೆ ನಡೆದರು. ಎಲ್ಲರೂ ಹಿಂದೆ ಬಂದರು.

ಆ ಹೆಂಗಸು ಕೃತಿಕಾಳ ಅತ್ತೆ ಕೃಷ್ಣಮ್ಮ. ವ್ಯಾನಿನಲ್ಲಿ ಕೃತಿಕಾ ಮುಂದಿನ ಸೀಟಿಗೆ ಬಂದು, ಎಲ್ಲರಿಗೂ ಕೇಳುವಂತೆ, ಗುಟ್ಟಿನ ದನಿಯಲ್ಲಿ ಹೇಳಿದಳು. ಮದುವೆಯಾದ ಹೊಸದರಲ್ಲಿ ಒಂದು ಸಾರಿನ ವಿಷಯಕ್ಕೆ ಅತ್ತೆ ಮಾತು ಬಿಟ್ಟಿದ್ದರಂತೆ. ಒಂದೇ ಅಡುಗೆಮನೆ, ಒಂದೇ ಒಲೆ, ಮಾತಿಲ್ಲ. ಹೋದ ವರ್ಷ ಬಂದಾಗ ಗಿರಿಜಾಂಬಾ ಅವಳನ್ನು ಹೊರೆಗಲ್ಲಿನ ಹತ್ತಿರ ಕರೆದುಕೊಂಡು ಹೋಗಿ, ತಲೆಯ ಮೇಲೆ ಹೊತ್ತದ್ದನ್ನು ಇಲ್ಲಿ ಇಳಿಸಿ ಹೋಗು ಮಗಳೇ ಎಂದಳಂತೆ.

“ಊರಿಗೆ ಹೋಗಿ ಬಾಗಿಲು ತೆಗೆದ್ರೆ ಅತ್ತೆ ‘ಯಾಕೆ ಲೇಟು?’ ಅಂದ್ರು. ನಾನು ಅತ್ತೇಬಿಟ್ಟೆ.”

“ಅವತ್ತಿಂದ ಇವ್ಳು ಬಾಯಿ ಮುಚ್ಚಿಲ್ಲ” ಎಂದರು ಕೃಷ್ಣಮ್ಮ. “ಈಗ ಅದನ್ನ ಇಳಿಸಕ್ಕೆ ನಾನು ಬಂದಿದೀನಿ.”

ವ್ಯಾನು ನಗೆಯಿಂದ ಕುಲುಕಿತು. ಉಮೇಶನ ಹಿಂದಿನ ಕಿಟಕಿಯ ಸೀಟಿನಲ್ಲಿ ಕೃತಿಕಾಳ ಚೀಲ ಕೂತಿತ್ತು. ಕನ್ನಡಿಯಲ್ಲಿ ಉಮೇಶನ ಕಣ್ಣುಗಳು ಮಲ್ಲಿಕಾರ್ಜುನಪ್ಪನವರನ್ನು ನೋಡಿ ರಸ್ತೆಗೆ ಮರಳಿದವು.

“ಹೊರೆಗಲ್ಲು ಇವತ್ತು ಬೇಡ್ವಾ ಸಾರ್? ನೇರ ಕೆರೆಗೆ ಹೋಗನಾ?” ಎಂದ ತಗ್ಗಿದ ದನಿಯಲ್ಲಿ.

“ಅಯ್ಯೋ, ಅದಕ್ಕೇ ಬಂದಿರೋದು!” ಎಂದಳು ಕೃತಿಕಾ.

ಹೊರೆಗಲ್ಲು ಗಿರಿಯ ಕಡೆಗಿನ ಹಳೆಯ ದಾರಿಯಲ್ಲಿ, ಒಂದು ಬಸರಿ ಮರದ ಆಚೆ ಇತ್ತು. ನೆಟ್ಟ ಕಲ್ಲು ಎರಡು, ಅವುಗಳ ಮೇಲೆ ಭುಜದೆತ್ತರಕ್ಕೆ ಅಡ್ಡ ಹಾಸಿದ ಚಪ್ಪಡಿ. ಮಾಘದ ಬಿಸಿಲು ಅದರ ಮೇಲೆ ಹಿತವಾಗಿ ಬಿದ್ದಿತ್ತು. ಪಕ್ಕದ ಅಂಗಳದಲ್ಲಿ ಯಾರೋ ಕಾಫಿ ಹಣ್ಣು ಒಣಹಾಕಿದ್ದರು.

“ಬೆಟ್ಟದ ಮೇಲಿನ ಅತ್ತಿಗುಂಡಿಯ ಕಡೆಯಿಂದ ತಲೆಹೊರೆ ಹೊತ್ತು ಇಳಿದು ಬರುತ್ತಿದ್ದವರಿಗೆ ಇದು ತಂಗುವ ಜಾಗ” ಎಂದಿತು ಸೊಂಟ. “ಹೊರೆಯನ್ನು ನೆಲಕ್ಕಿಟ್ಟರೆ ಮತ್ತೆ ತಲೆಗೇರಿಸಲು ಇನ್ನೊಬ್ಬರು ಬೇಕು. ಇಲ್ಲಿ ಇಟ್ಟರೆ ಯಾರೂ ಬೇಡ. ಒಬ್ಬನೇ ಇಳಿಸಬಹುದು, ಒಬ್ಬನೇ ಹೊರಬಹುದು.”

“ಅದಲ್ಲ ಅಂಕಲ್. ಆಂಟಿ ಹೇಳಿದ್ದು ಹೇಳಿ.”

ಆಂಟಿ ಹೇಳಿದ್ದಕ್ಕೆ ಯಾವ ಆಧಾರವೂ ಇರಲಿಲ್ಲ. ಎರಡು ವರ್ಷದ ಹಿಂದೆ ಒಂದು ಭಾನುವಾರ, ಪ್ರವಾಸಿಗಳು ಈ ಕಲ್ಲಿನ ಮುಂದೆ ಆಕಳಿಸುತ್ತಿದ್ದಾಗ, ಗಿರಿಜಾಂಬಾ ಎದ್ದುಬಂದು ಹೇಳಿಬಿಟ್ಟಿದ್ದಳು. ಕಲ್ಲಿನ ಮೇಲೆ ಒಂದು ಕಾಫಿಬೀಜ ಇಟ್ಟು, ಮನಸ್ಸಿನ ಭಾರ ನೆನೆದು, ಸುತ್ತು ಹಾಕಿ, ಹಿಂದಿರುಗಿ ನೋಡದೆ ಹೋಗಬೇಕು ಎಂದು. ಅವತ್ತು ಮನೆಗೆ ಹೋಗಿ ಮಲ್ಲಿಕಾರ್ಜುನಪ್ಪನವರು ಸಿಡುಕಿದ್ದರು. ಶರಣರು ಕಲ್ಲು ಸುತ್ತಬೇಡಿ ಎಂದರೆ ನೀನು ಹೊಸ ಕಲ್ಲು ಹುಡುಕಿಕೊಟ್ಟೆಯಲ್ಲ ಎಂದಿದ್ದರು. “ಪಾಪ, ಕಲ್ಲು ಖಾಲಿ ಇತ್ತು ಕಣ್ರೀ” ಎಂದಿದ್ದಳು ಆಕೆ. ಮುಂದಿನ ವಾರದಿಂದ, ಆಕೆ ಈ ಕಥೆ ಶುರುಮಾಡಿದ ಕೂಡಲೇ ಅವರು ಬಸರಿ ಮರದ ಕೆಳಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು.

ಈಗ ಅವರು ಹೇಳಿದರು. ಬೀಜ, ಭಾರ, ಸುತ್ತು. ಮೂರು ವಾಕ್ಯ. ಜನ ಒಣಹಾಕಿದ ಕಾಫಿಯ ಕಡೆ ಓಡಿದರು. ಅಂಗಳದ ಮನೆಯಿಂದ “ಒಂದೊಂದೇ ತಗೊಳ್ಳಿ ಮಾರಾಯ್ರೇ, ಹೋದ್ಸಲ ಒಬ್ರು ಜೇಬು ತುಂಬ್ಕೊಂಡ್ರು” ಎಂದು ಯಾರೋ ಕೂಗಿದರು. “ಅವ್ರಿಗೆ ಭಾರ ಜಾಸ್ತಿ ಇತ್ತೇನೋ” ಎಂದರು ಕೃಷ್ಣಮ್ಮ.

ಕೃತಿಕಾ ಚೀಲ ತಂದು ಕಲ್ಲಿನ ಬುಡದಲ್ಲಿಟ್ಟಳು.

“ಆಂಟಿ ಸಿಗೋ ಹಾಗಿಲ್ಲ ಅಂದ್ಮೇಲೆ ಇಲ್ಲೇ ಕೊಡ್ತೀನಿ. ಶಲ್ಯ ಹಿಡೀರಿ ಅಂಕಲ್. ನೀವು ತಗೊಂಡ್ಹೋಗಿ ಅವರ ಮಡಿಲಿಗೆ ಹಾಕಿ.”

ಮಲ್ಲಿಕಾರ್ಜುನಪ್ಪನವರು ಬೆಲ್ಟಿಗೆ ಕೈಹಾಕಿ ಸ್ಪೀಕರು ಆರಿಸಿದರು. ಇದನ್ನು ಬಾಯಿಂದಲೇ ಹೇಳಬೇಕು. ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯ ಮೇಲಿಂದ ಮುಟ್ಟಿಕೊಂಡರು.

“ನೋಡಮ್ಮ. ಅವಳು…”

ಎಲ್ಲರೂ ನೋಡಿದರು. ಕೃತಿಕಾಳ ಮುಖದಲ್ಲಿ ನಗೆ ಸಿದ್ಧವಾಗಿ ನಿಂತಿತ್ತು. ಕೃಷ್ಣಮ್ಮ ತಲೆಯ ಮೇಲೆ ಸೆರಗು ಹೊದ್ದಿದ್ದರು. ಉಮೇಶ ಎಲ್ಲಿಗೂ ಹೋಗದೆ ವ್ಯಾನಿನ ಬಾಗಿಲು ಹಿಡಿದು ನಿಂತಿದ್ದ.

“ಅವಳು?” ಎಂದಳು ಕೃತಿಕಾ.

“ಅವಳಿಗೆ ಹಸಿರು ಬಳೆ ಅಂದ್ರೆ ಇಷ್ಟ.”

“ಹಸಿರೇ ತಂದಿದೀನಿ!” ಎಂದು ಕೃತಿಕಾ ಕುಣಿದುಬಿಟ್ಟಳು.

ಮಲ್ಲಿಕಾರ್ಜುನಪ್ಪನವರು ಹೆಗಲ ಮೇಲಿನ ಶಲ್ಯ ಹರಡಿ ಹಿಡಿದರು. ಬಾವುಟ ಕಂಕುಳಿಗೆ ಹೋಯಿತು. ಮೊದಲು ಅಕ್ಕಿ ಬಿತ್ತು, ಆಮೇಲೆ ತಿಪಟೂರಿನ ಕೊಬ್ಬರಿ ಗಿಟುಕು, ವೀಳ್ಯದೆಲೆ, ಅರಿಶಿನದ ಕೊಂಬು, ರವಿಕೆ ಕಣ, ಕೊನೆಗೆ ಬಳೆ. ಶ್ರಾವಣದಲ್ಲಿ ಅಕ್ಕಪಕ್ಕದ ಹೆಂಗಸರು ಗಿರಿಜಾಂಬೆಯ ಕೈಗೆ ತೊಡಿಸಿದ್ದೂ ಇದೇ ಹಸಿರು. ಕೈ ಬಿಗಿದಿದ್ದರಿಂದ ಒಂದು ಬಳೆ ಒಡೆದಿತ್ತು. ಕೃಷ್ಣಮ್ಮ ತಮ್ಮ ಪಾಲಿಗೆ ಇನ್ನೆರಡು ಹಿಡಿ ಅಕ್ಕಿ ಹಾಕಿದರು. “ನೂರ್ಕಾಲ ಮುತ್ತೈದೆಯಾಗಿರ್ಲಿ” ಎಂದರು.

ಇನ್ನು ಮೇಲೆ ಅವಳ ಮುತ್ತೈದೆತನಕ್ಕೆ ಏನೂ ಅಡ್ಡಿಯಿಲ್ಲ ಎನಿಸಿತು ಮಲ್ಲಿಕಾರ್ಜುನಪ್ಪನವರಿಗೆ. ನಗು ಬಂತು. ಅವರು ನಕ್ಕದ್ದನ್ನು ನೋಡಿ ಎಲ್ಲರಿಗೂ ಸಂತೋಷವಾಯಿತು.

“ಭಾರ ಆಗ್ತದೆ ಸಾ. ಕಲ್ಲಿನ ಮೇಲೆ ಇಡಿ” ಎಂದರು ಕೃಷ್ಣಮ್ಮ. “ಅದಕ್ಕೇ ಅಲ್ವ ಇರೋದು?”

ಚಪ್ಪಡಿ ಅವರ ಭುಜದ ಮಟ್ಟಕ್ಕೇ ಇತ್ತು. ಅದರ ಮೇಲೆ ಕಾಫಿಬೀಜಗಳು ಅಲ್ಲೊಂದು ಇಲ್ಲೊಂದು ಬಿದ್ದಿದ್ದವು. ಇನ್ನೂ ಬೇಕಾದಷ್ಟು ಜಾಗವಿತ್ತು.

“ಬೇಡ” ಎಂದರು. “ಮನೆಗೆ ಒಯ್ಯಬೇಕು.”

“ಸರಿ, ಸುತ್ತು ಎಷ್ಟು ಹಾಕ್ಬೇಕು ಅಂಕಲ್? ನಂಗೆ ಮರ್ತುಹೋಗಿದೆ. ಆಂಟಿ ಎಷ್ಟು ಹೇಳಿದ್ರು?”

ಮಲ್ಲಿಕಾರ್ಜುನಪ್ಪನವರು ಉಮೇಶನ ಕಡೆ ನೋಡಿದರು.

“ನಂಗೆಂತ ಗೊತ್ತು ಸಾರ್? ಆಗ ನಾನು ಟೀಗೆ ಹೋಗ್ತಿದ್ದೆ.”

ಬಸರಿ ಮರದ ಕಡೆ ನೋಡಿದರು. ಅಲ್ಲಿ ನಿಂತು ಬೆನ್ನು ತಿರುಗಿಸಿದವನಿಗೆ ಗದ್ದೆ ಕಾಣುತ್ತಿತ್ತು, ಒಂದು ವಿದ್ಯುತ್ ಕಂಬ ಕಾಣುತ್ತಿತ್ತು. ಹಿಂದಿನಿಂದ ಹೆಂಗಸರ ನಗು ಕೇಳುತ್ತಿತ್ತು. ಮೂರೋ, ಐದೋ, ಒಂಬತ್ತೋ? ಮನೆಗೆ ಹೋಗಿ ಕೇಳಿದರಾಯಿತು ಎಂದುಕೊಂಡರು. ಅಂದುಕೊಂಡದ್ದು ತಿಳಿದ ಮೇಲೆ ಕೈಯೊಳಗಿನ ಶಲ್ಯ ಇನ್ನಷ್ಟು ಭಾರವಾಯಿತು.

“ನೀವು ಮುಂದೆ ನಡೀರಿ ಅಂಕಲ್. ನೀವು ನಿಲ್ಲಿಸಿದಾಗ ನಾವು ನಿಲ್ತೀವಿ.”

ನಡೆದರು. ಶಲ್ಯದ ಒಂದು ತುದಿ ಜಾರಿ ಇಳಿದಿತ್ತು. ಕಂಕುಳಿಂದ ಹಳದಿ ಬಾವುಟ ಹಿಂದಕ್ಕೆ ಚಾಚಿಕೊಂಡಿತ್ತು. ಅದನ್ನು ಹಿಡಿದಂತೆ ಕೃತಿಕಾ, ಅವಳ ಹಿಂದೆ ಉಳಿದವರು, ಕೊನೆಯಲ್ಲಿ ಕೃಷ್ಣಮ್ಮ. ಯಾರೋ ಚಪ್ಪಾಳೆ ತಟ್ಟುತ್ತ ಭಜನೆ ಎತ್ತಿಕೊಂಡರು. ಮೂರನೆಯ ಸುತ್ತಿಗೆ ಮಲ್ಲಿಕಾರ್ಜುನಪ್ಪನವರು ನಿಧಾನ ಮಾಡಿದರು. ಹಿಂದಿನವರೂ ನಿಧಾನ ಮಾಡಿದರು. ಮೂರು ಸಾಲದಿದ್ದರೆ? ಇವರ ಭಾರ ಇಲ್ಲೇ ಅರ್ಧಕ್ಕೆ ನಿಂತರೆ? ಮತ್ತೆ ನಡೆದರು. ಐದನೆಯದೂ ಆಯಿತು. ಆಮೇಲೆ ಎಣಿಕೆ ತಪ್ಪಿತು.

ಕಲ್ಲು ಚಿಕ್ಕದು, ಸಾಲು ಉದ್ದ. ಸ್ವಲ್ಪ ಹೊತ್ತಿನಲ್ಲಿ ಅವರ ಮುಂದೆ ಒಂದು ಬೆನ್ನು ಕಾಣಿಸಿತು. ಸೆರಗು ಹೊದ್ದ, ಕೊಂಚ ಬಾಗಿದ ಬೆನ್ನು. ಅದು ನಿಂತರೆ ತಾವೂ ನಿಲ್ಲಬಹುದಿತ್ತು. ಅದು ನಿಲ್ಲಲಿಲ್ಲ. ವ್ಯಾನಿನ ಕಡೆಯಿಂದ ಉಮೇಶ ಒಮ್ಮೆ ಹಾರನ್ ಮಾಡಿದ. ಭಜನೆಯ ಚಪ್ಪಾಳೆಯಲ್ಲಿ ಅದೂ ತಾಳಕ್ಕೆ ಸರಿಯಾಗಿ ಕೂತಿತು.

ನೆಲದ ಮೇಲೆ ಅಲ್ಲಲ್ಲಿ ಅಕ್ಕಿ ಬಿದ್ದಿತ್ತು. ಮುಂದೆ ಯಾರೋ ಚೆಲ್ಲಿಕೊಂಡು ಹೋಗುತ್ತಿದ್ದಾರೆ, ಪಾಪ, ಅವರಿಗೆ ಗೊತ್ತಿಲ್ಲ ಎಂದುಕೊಂಡರು ಮಲ್ಲಿಕಾರ್ಜುನಪ್ಪನವರು. ಕಾಳಿನ ಮೇಲೆ ಕಾಲಿಡಬಾರದೆಂದು ನೋಡಿ ನೋಡಿ ಹೆಜ್ಜೆ ಹಾಕುತ್ತ, ಸುತ್ತಿದರು.