ಕರಡಿಗೆ ಚೀಲ

ರುದ್ರೇಶ್ ಬಂದಾಗ ಖಾಜಾ ಪೀರ್ ಭದ್ರಾವತಿ ನ್ಯೂ ಟೌನಿನ ತನ್ನ ಮನೆ ಮುಂದೆ ಕೂತು ಮೊಮ್ಮಗಳ ಕಾಲೇಜು ಬ್ಯಾಗಿನ ಜಿಪ್ ಸರಿಮಾಡುತ್ತಿದ್ದ. ಅವನಿಗೆ ಬಲಗಣ್ಣಿಲ್ಲ. ಆ ಕಡೆಯಿಂದ ಬಂದವರನ್ನು ನೋಡಬೇಕಾದರೆ ಕತ್ತನ್ನು ಪೂರ್ತಿ ತಿರುಗಿಸಬೇಕು. ತಿರುಗಿಸಿ ನೋಡಿದರೂ ಗುರುತು ಸಿಗಲಿಲ್ಲ.

"ನಾನು ರುದ್ರೇಶ್ ಅಂತ ಸಾಬ್ರೇ. ಷಡಕ್ಷರಪ್ಪನವರ ಮಗ. ಶಿವಮೊಗ್ಗದಲ್ಲಿ ಗೋಪಾಳದಲ್ಲಿದ್ದೀವಿ."

ಖಾಜಾ ಬ್ಯಾಗನ್ನು ಪಕ್ಕಕ್ಕಿಟ್ಟ. ಆ ಹೆಸರನ್ನು ಅವನ ಮನೆ ಬಾಗಿಲಲ್ಲಿ ಯಾರೂ ಹೇಳದೆ ಬಹಳ ವರ್ಷಗಳಾಗಿದ್ದವು.

"ಅಪ್ಪನಿಗೆ ಸ್ಟ್ರೋಕ್ ಆಗಿದೆ. ಬಲಗಡೆ ಪೂರ್ತಿ ಬಿದ್ದುಹೋಗಿದೆ. ಮಾತೂ ಹೋಯ್ತು. ಮೂರೇ ಮೂರು ಮಾತು ಉಳ್ಕೊಂಡಿದೆ, ದಿನವಿಡೀ ಅದನ್ನೇ ಹೇಳ್ತಾರೆ. ಖಾಜಾ, ಕರಡಿಗೆ, ಚೀಲ."

ಖಾಜಾ ಕತ್ತನ್ನು ಇನ್ನಷ್ಟು ತಿರುಗಿಸಿದ.

"ಆಸ್ಪತ್ರೆಯಲ್ಲಿ ಕರಡಿಗೆಯ ದಾರ ಕತ್ತಿಗೆ ಒತ್ತುತ್ತೆ ಅಂತ ತೆಗೆಸಿಬಿಟ್ರು. ದಿಂಬಿನ ಪಕ್ಕ ಇಟ್ರೆ ಜಾರಿ ಬೀಳುತ್ತೆ. ಲಿಂಗ ಮೈಮೇಲಿಲ್ಲ ಅಂತ ಅವರಿಗೆ ಸಂಕಟ. ಅದಕ್ಕೊಂದು ಚೀಲ ಬೇಕು, ಅದೂ ನಿಮ್ಮ ಕೈಯಿಂದಾನೇ ಆಗ್ಬೇಕು ಅಂತ ಆಸೆ ಇರ್ಬೇಕು. ಹಳೇ ಸ್ನೇಹಿತರಲ್ವಾ ನೀವು." ಸ್ವಲ್ಪ ತಡೆದು ರುದ್ರೇಶ್ ಸೇರಿಸಿದ. "ಬಟ್ಟೇದು ಮಾಡಿ ಸಾಬ್ರೇ. ಚರ್ಮ ಬೇಡ. ನಿಮಗೆ ಗೊತ್ತಲ್ಲ."

"ಗೊತ್ತು," ಎಂದ ಖಾಜಾ. "ನಾನೇ ತಂದುಕೊಡ್ತೀನಿ."

ರುದ್ರೇಶನ ಕಾರು ತಿರುವು ದಾಟುವವರೆಗೂ ಅವನು ಎದ್ದು ನಿಂತೇ ಇದ್ದ. ರುದ್ರೇಶನ ಮನೆಯಲ್ಲಿ ಕರಡಿಗೆ ಎಂದರೆ ಇಷ್ಟಲಿಂಗ ಇಡುವ ಬೆಳ್ಳಿಯ ಸಂಪುಟ. ಅವರಿಗೆ ಬೇರೆ ಅರ್ಥ ಹೊಳೆಯುವ ಕಾರಣವೇ ಇರಲಿಲ್ಲ. ಖಾಜಾನ ಕಿವಿಗೆ ಬಿದ್ದದ್ದು ಬೇರೆ. ಖಾಜಾನನ್ನು ಕರಡಿಗೆ ಬಿಟ್ಟೆ, ಚೀಲ ನನ್ನ ಹೆಗಲಲ್ಲಿತ್ತು. ಕ್ರಿಯಾಪದ ಕಳೆದುಕೊಂಡ ಮುದುಕನೊಬ್ಬ ಈ ಮಾತನ್ನು ಹೇಳಿದರೆ ಹೀಗೆಯೇ ಹೇಳುತ್ತಾನೆ. ಈ ಮಾತಿಗಾಗಿ ಖಾಜಾ ಆಯುಷ್ಯದ ಮುಕ್ಕಾಲು ಪಾಲು ಕಾದಿದ್ದ.

ಇಬ್ಬರಿಗೂ ಆಗಿನ್ನೂ ಮದುವೆಯಾಗಿರಲಿಲ್ಲ. ಷಡಕ್ಷರಪ್ಪ ಕಬ್ಬಿಣದ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತ. ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವಂತಿರಲಿಲ್ಲ. ಅದಕ್ಕೇ ಅವನಿಗೆ ಶಿಕಾರಿಯ ಹುಚ್ಚು. ಭಾನುವಾರ ಉಂಬಳೇಬೈಲಿನ ಕಡೆ ಕಾಡಿಗೆ ಹೋಗುತ್ತಿದ್ದರು. ಹೊಡೆದದ್ದನ್ನು ಅಲ್ಲೇ ಸುಟ್ಟು ತಿಂದು, ಹಳ್ಳದಲ್ಲಿ ಬಾಯಿ ಮುಕ್ಕಳಿಸಿ, ವಿಭೂತಿ ಹಚ್ಚಿಕೊಂಡು ಷಡಕ್ಷರಪ್ಪ ಮನೆಗೆ ಹೋಗುತ್ತಿದ್ದ. ಇದ್ದದ್ದು ಒಂದೇ ಕೇಪಿನ ಕೋವಿ. ಒಂದು ಈಡು ಹೊಡೆದ ಮೇಲೆ ಮತ್ತೆ ಮದ್ದು, ಚರೆ ತುಂಬಿ ಕೇಪು ಕೂರಿಸಬೇಕು. ಅವೆಲ್ಲ ಇರುತ್ತಿದ್ದದ್ದು ಖಾಜಾನೇ ಹೊಲಿದ ಜಾಲರಿನ ಚರ್ಮದ ಚೀಲದಲ್ಲಿ. ಒಬ್ಬ ಕೋವಿ ಹಿಡಿದರೆ ಇನ್ನೊಬ್ಬ ಚೀಲ ಹೊರಬೇಕು. ಇಬ್ಬರೂ ಜೊತೆಗಿದ್ದರೆ ಮಾತ್ರ ಕೋವಿ ಕೋವಿಯಾಗಿರುತ್ತಿತ್ತು.

ಒಂದು ಭಾನುವಾರ ಬೆಳಗ್ಗೆ ಕೋವಿ ಖಾಜಾನ ಕೈಯಲ್ಲಿತ್ತು. ಲಂಟಾನದ ಮೆಳೆಯಿಂದ ಎದ್ದದ್ದು ಹಂದಿಯೆಂದುಕೊಂಡು ಹೊಡೆದ. ಗಾಯಗೊಂಡ ಕರಡಿ ನೇರ ಬಂತು. ಚೀಲ ಕೊಡು ಎಂದು ಕೈ ಹಿಂದಕ್ಕೆ ಚಾಚಿದ. ಕೈಗೆ ಏನೂ ಸಿಗಲಿಲ್ಲ. ತಿರುಗಿ ನೋಡಿದಾಗ ಷಡಕ್ಷರಪ್ಪನ ಬೆನ್ನು, ಆ ಬೆನ್ನ ಮೇಲೆ ಕುಣಿಯುತ್ತಿದ್ದ ಚೀಲದ ಜಾಲರು ಕಂಡವು. ಬಲಗಣ್ಣಿನಿಂದ ಅವನು ನೋಡಿದ ಕೊನೆಯ ವಸ್ತು ಅದು.

ಕರಡಿ ತಾನಾಗಿಯೇ ಬಿಟ್ಟು ಹೋಯಿತು. ಷಡಕ್ಷರಪ್ಪ ಸೌದೆ ಕಡಿಯುವವರನ್ನು ಕರೆದುಕೊಂಡು ಬಂದು ಇವನನ್ನು ಗಾಡಿಯಲ್ಲಿ ಹಾಕಿಸಿದ. ಕರಡಿಯನ್ನು ಕೂಗಿ, ಕಲ್ಲು ಹೊಡೆದು ಓಡಿಸಿದ್ದು ತಾನು ಎಂದು ಅವರಿಗೆ ಹೇಳಿದ್ದ. ಖಾಜಾನಿಗೆ ಪ್ರಜ್ಞೆ ಬರುವಷ್ಟರಲ್ಲಿ ಕತೆ ಊರೆಲ್ಲ ಹಬ್ಬಿಯಾಗಿತ್ತು. ಆಮೇಲೆ ಫರ್ನೇಸ್ ಕೆಲಸಗಾರರಿಗೆ ಚರ್ಮದ ಕೈಗವಸು ಹೊಲಿಯುವ ಕೆಲಸವನ್ನು ಷಡಕ್ಷರಪ್ಪ ಒಬ್ಬ ಕಂಟ್ರಾಕ್ಟರಿಗೆ ಹೇಳಿ ಖಾಜಾನಿಗೆ ಕೊಡಿಸಿದ. ಖಾಜಾ ಆ ಕೆಲಸ ಹಿಡಿದ, ಬಾಯಿ ಮುಚ್ಚಿದ. ಯಾರಾದರೂ ಕೇಳಿದರೆ ಷಡಕ್ಷರಪ್ಪನೇ ಉಳಿಸಿದ್ದು ಎನ್ನುತ್ತಿದ್ದ. ನ್ಯೂ ಟೌನಿನಲ್ಲಿ ಅವನ ಹೆಸರು ಕರಡಿ ಖಾಜಾ ಆಯಿತು. ಷಡಕ್ಷರಪ್ಪ ಬಡ್ತಿ ಪಡೆದು, ನಿವೃತ್ತನಾಗಿ ಗೋಪಾಳದಲ್ಲಿ ಮನೆ ಕಟ್ಟಿದ. ಇಬ್ಬರೂ ಒಬ್ಬರನ್ನೊಬ್ಬರು ಕಂಡರೆ ರಸ್ತೆ ದಾಟುತ್ತಿದ್ದರು.

ಬಟ್ಟೆಯ ಚೀಲದ ಮಾತನ್ನು ಖಾಜಾ ಮರುದಿನವೇ ಬದಿಗಿಟ್ಟ. ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆ ಇಳಿಸಿದ. ಕೈಗವಸಿನ ಕಾಲದ ಚರ್ಮ ಅದರಲ್ಲಿತ್ತು. ಆದರೆ ಅದು ಕೆಮಿಕಲ್‌ನಲ್ಲಿ ಹದ ಮಾಡಿದ್ದು. ಬೆಂಕಿ ತಡೆಯುತ್ತದೆ, ಹೇಳಿದ ಮಾತು ಕೇಳುವುದಿಲ್ಲ. ಒದ್ದೆ ಮಾಡಿ ಬಗ್ಗಿಸಿದರೆ ಒಣಗಿದ ಮೇಲೆ ಮತ್ತೆ ಚಪ್ಪಟೆಯಾಗುತ್ತದೆ. ಶಿಕಾರಿ ಚೀಲಕ್ಕೆ ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿದ ಚರ್ಮವೇ ಆಗಬೇಕು. ಅಂಥದ್ದು ಹುಡುಕುತ್ತ ಚಪ್ಪಲಿ ಹೊಲಿಯುವವರಲ್ಲೆಲ್ಲ ವಿಚಾರಿಸಿದ. ಕೊನೆಗೆ ಹಳೇ ಪರಿಚಯದವನೊಬ್ಬನ ಮನೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಆಡಿನ ಚರ್ಮ, ಎಮ್ಮೆ ಚರ್ಮದ ಒಂದು ತುಂಡು ಸಿಕ್ಕಿದವು.

ಮರದ ದಿಮ್ಮಿಯೊಂದಕ್ಕೆ ಒದ್ದೆ ಎಮ್ಮೆ ಚರ್ಮವನ್ನು ಎಳೆದು ಮೊಳೆ ಹೊಡೆದು ನೆರಳಲ್ಲಿ ಒಣಗಲು ಬಿಟ್ಟ. ಒಣಗಿದ ಮೇಲೆ ಹೊಟ್ಟೆ ಉಬ್ಬಿದ ಚೀಲದ ಆಕಾರ ಬಂತು. ಅಂಚನ್ನು ಗಾಜಿನ ಚೂರಿನಿಂದ ಕೆರೆದು, ಮೇಣ ತಿಕ್ಕಿದ ದಾರವನ್ನು ಎರಡು ಸೂಜಿಗೆ ಪೋಣಿಸಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಹಾಯಿಸಿ ಬಿಗಿದ. ಹೀಗೆ ಹೊಲಿದರೆ ಒಂದು ಹೊಲಿಗೆ ಕಿತ್ತರೂ ಪಕ್ಕದ್ದು ಬಿಚ್ಚುವುದಿಲ್ಲ. ಒಂದು ಕಣ್ಣಿನವನಿಗೆ ತೂತು ಎಷ್ಟು ದೂರದಲ್ಲಿದೆ ಎಂಬುದು ತಿಳಿಯುವುದಿಲ್ಲ. ಬೆರಳಿನಿಂದ ಮುಟ್ಟಿ ಹುಡುಕಬೇಕು. ಸೂಜಿ ಬೆರಳಿಗೇ ಚುಚ್ಚುತ್ತಿತ್ತು.

ಮೊಮ್ಮಗಳು ರೂಹಿ ಕಾಲೇಜಿನಿಂದ ಬಂದು ನೋಡುತ್ತಿದ್ದಳು.

"ದಾದಾ, ಅವರು ಕೇಳಿದ್ದು ಬಟ್ಟೆ ಚೀಲ ಅಲ್ವಾ? ಪೂಜೆದು?"

"ಅವರ ಮಗ ಕೇಳಿದ್ದು ಅದು. ಷಡಕ್ಷರಿ ಕೇಳಿದ್ದು ಇದು."

"ಮಾತೇ ಬರದಿರೋರು ಇಷ್ಟೆಲ್ಲ ಆರ್ಡರ್ ಕೊಟ್ಟಿದ್ದಾರಾ?"

"ನಿನಗೆ ಅದು ಗೊತ್ತಾಗಲ್ಲ. ಆ ಹಲಗೆ ಹಿಡ್ಕೋ."

ಜಾಲರು ಕತ್ತರಿಸುವುದೇ ಕಷ್ಟದ ಕೆಲಸ. ಆಡಿನ ಚರ್ಮವನ್ನು ಬೆನ್ನಿನ ಉದ್ದಕ್ಕೇ ಕೊಯ್ಯಬೇಕು. ಅಡ್ಡ ಕೊಯ್ದರೆ ಎಳೆಗಳು ಜಗ್ಗುತ್ತವೆ. ಕತ್ತಿಯನ್ನು ತನ್ನ ಕಡೆಗೆ ಒಂದೇ ಉಸಿರಿನಲ್ಲಿ ಎಳೆಯಬೇಕು, ಮಧ್ಯೆ ನಿಲ್ಲಿಸಿದರೆ ಅಲ್ಲೊಂದು ಕಚ್ಚು ಉಳಿದು ಮುಂದೆ ಹರಿಯುತ್ತದೆ. ಮೊದಲ ಪಟ್ಟಿಯನ್ನು ಖಾಜಾ ಹಾಳುಮಾಡಿದ. ಎರಡನೆಯದೂ ಅರ್ಧಕ್ಕೆ ಕೆಟ್ಟಿತು. ಉಳಿದದ್ದು ಒಂದೇ ಪಟ್ಟಿಗೆ ಸಾಕಾಗುವಷ್ಟು ಚರ್ಮ. ಅದನ್ನು ತೊಡೆಯ ಮೇಲೆ ಹಾಕಿಕೊಂಡು ಇಡೀ ಬೆಳಗ್ಗೆ ಸುಮ್ಮನೆ ಸವರುತ್ತ ಕೂತಿದ್ದ.

"ನಾನು ಸ್ಕೇಲ್ ಇಟ್ಟು ಗೆರೆ ಹಾಕ್ಕೊಡ್ಲಾ?" ಎಂದಳು ರೂಹಿ.

"ಹಾಕು."

ಅವಳು ಬಾಲ್‌ಪೆನ್ನಿನಿಂದ ಹಿಂಬದಿಗೆ ಗೆರೆ ಎಳೆದಳು. ಅವನು ಕೊಯ್ದ. ಎಳೆಗಳು ಒಂದೇ ಸಮ ಬಂದವು.

"ಈ ಬಾಲಗಳೆಲ್ಲ ಯಾಕೆ ದಾದಾ, ಶೋಕಿಗಾ?"

"ಮಳೇಲಿ ನೀರು ಇದರ ಮೇಲೆ ಇಳಿದು ಹೋಗುತ್ತೆ, ಒಳಗೆ ಮದ್ದು ಒದ್ದೆ ಆಗಲ್ಲ. ಹಕ್ಕಿ ಹೊಡೆದ್ರೆ ಒಂದೆಳೆ ಕಿತ್ಕೊಂಡು ಕಾಲು ಕಟ್ಟಬಹುದು." ಖಾಜಾ ಹರಳೆಣ್ಣೆ ಉಜ್ಜುತ್ತ ಹೇಳಿದ. "ಇದನ್ನ ಅವನ ಎದೆ ಮೇಲೆ ಇಡ್ತೀನಿ. ಅವನು ಹೇಳಿದ್ದು ನನಗೆ ಕೇಳಿಸ್ತು ಅಂತ ಗೊತ್ತಾಗ್ಲಿ. ಅಷ್ಟೇ ನನಗೆ ಬೇಕಾಗಿರೋದು."

"ಅವರು ಏನು ಹೇಳಿದ್ರು?"

ಅವನು ಚೀಲ ಮಗುಚಿ ಇನ್ನೊಂದು ಬದಿಗೆ ಎಣ್ಣೆ ಉಜ್ಜತೊಡಗಿದ.

ಶಿವಮೊಗ್ಗಕ್ಕೆ ಹೋದ ದಿನ ಮೋಡ ಕವಿದಿತ್ತು, ಮಳೆ ಬರಲಿಲ್ಲ. ರೂಹಿ ಜೊತೆಗೆ ಬಂದಳು. ಬಸ್ಸಿಳಿದು ಆಟೋ ಹಿಡಿದರು. ಬೇಗ ಹೋಗೋಣ ಎಂದು ಖಾಜಾ ಎರಡು ಸಲ ಅಂದ. "ರಾಗಿಗುಡ್ಡದ ಕಡೆ ರೋಡ್ ಅಗೆದಿದಾರೆ ಮಾರಾಯ್ರೇ, ನಾನೇನು ಹಾರಿಕೊಂಡು ಹೋಗ್ಲಾ," ಎಂದು ಆಟೋದವನು ಗೊಣಗಿದ.

ಬಾಗಿಲು ತೆಗೆದವಳು ರುದ್ರೇಶನ ಹೆಂಡತಿ ಉಮಾಮಹೇಶ್ವರಿ. ಹಜಾರದ ಮೂಲೆಯಲ್ಲಿ ಅವಳ ಹೊಲಿಗೆ ಯಂತ್ರ ಇತ್ತು, ಸುತ್ತ ಬ್ಲೌಸಿನ ತುಂಡುಗಳು. ಇವರು ಬರಬಹುದೆಂದು ಯಾರೂ ಎದುರುನೋಡಿದಂತಿರಲಿಲ್ಲ.

"ಅಯ್ಯೋ, ನೀವಾ. ಬನ್ನಿ. ಇವರು ನಿಮಗೆ ಹೇಳಿ ಬಂದು ಎಷ್ಟು ದಿನ ಆಯ್ತು. ಫೋನ್ ಮಾಡೋಣ ಅಂದ್ರೆ ನಿಮ್ಮ ನಂಬರೇ ಇಸ್ಕೊಂಡಿರಲಿಲ್ಲ."

ಷಡಕ್ಷರಪ್ಪ ಒಳಕೋಣೆಯ ಮಂಚದ ಮೇಲಿದ್ದ. ಮುಖದ ಒಂದು ಕಡೆ ಜೋತುಬಿದ್ದಿತ್ತು. ದೊಡ್ಡ ಆಳು, ಈಗ ಹೊದಿಕೆಯ ಕೆಳಗೆ ಮೈ ಇದೆಯೋ ಇಲ್ಲವೋ ಎಂಬಂತಿದ್ದ. ಖಾಜಾ ಹೇಳಬೇಕೆಂದು ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಪ್ಲಾಸ್ಟಿಕ್ ಕವರಿನಿಂದ ಚೀಲ ತೆಗೆದು ಹೊದಿಕೆಯ ಮೇಲೆ ಇಟ್ಟ.

"ಷಡಕ್ಷರಿ," ಎಂದ. "ತಂದಿದ್ದೀನಿ ನೋಡು."

ಮುದುಕನ ಎಡಗೈ ಮೆಲ್ಲಗೆ ಬಂತು. ಜಾಲರಿನ ಎಳೆಗಳನ್ನು ಬೆರಳುಗಳ ನಡುವೆ ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಖಾಜಾ ಬಗ್ಗಿದ. ಆ ಕೈ ಚೀಲದ ಮುಚ್ಚಳದವರೆಗೂ ಹೋಗಿ ಅಂಚನ್ನು ತಡಕಿತು, ಏನನ್ನೋ ಹುಡುಕಿತು. ಸಿಗಲಿಲ್ಲ. ಚೀಲವನ್ನು ಪಕ್ಕಕ್ಕೆ ನೂಕಿತು.

"ಇದು ಚರ್ಮ ಅಲ್ವಾ," ಎಂದ ಬಾಗಿಲಲ್ಲಿ ನಿಂತಿದ್ದ ರುದ್ರೇಶ್.

"ಹೌದು."

"ನಾನು ಬೇಡ ಅಂದಿದ್ದೆ ಸಾಬ್ರೇ. ಲಿಂಗ ಇರೋ ಹಾಸಿಗೆ ಇದು."

"ಇದು ಲಿಂಗಕ್ಕಲ್ಲ. ಶಿಕಾರಿ ಚೀಲ. ಅವನು ಕೇಳಿದ್ದು." ಖಾಜಾ ಕಣ್ಣನ್ನು ಹಾಸಿಗೆಯಿಂದ ತೆಗೆಯಲಿಲ್ಲ. "ಷಡಕ್ಷರಿ, ನಾನು. ಖಾಜಾ."

"ಕಾಜಾ," ಎಂದ ಷಡಕ್ಷರಪ್ಪ, ಸ್ಪಷ್ಟವಾಗಿ.

ಆಮೇಲೆ ಎಡಗೈಯನ್ನು ತನ್ನ ಎದೆಗೆ ಒಯ್ದ. ಅಲ್ಲಿ ಅಂಗಿಗೆ ಸೇರಿಸಿ ಹೊಲಿದ ಬಿಳಿ ಬಟ್ಟೆಯ ಪುಟ್ಟ ಚೀಲವೊಂದಿತ್ತು. ಒಳಗೆ ಕರಡಿಗೆಯ ದುಂಡು ಕಾಣುತ್ತಿತ್ತು. ಚೀಲದ ಬಾಯಿಗೆ ಒಂದು ಗುಂಡಿ. ಬೆರಳಿನಿಂದ ಗುಂಡಿ ಬಿಚ್ಚಿ, ಗುಂಡಿ ತೂರಿಸುವ ತೂತಿನೊಳಗೆ ಬೆರಳ ತುದಿ ತುರುಕಿ, "ಕಾಜಾ," ಎಂದು ಇನ್ನೊಮ್ಮೆ ಅಂದ. ಮತ್ತೆ ತಾನೇ ಗುಂಡಿ ಹಾಕಿಕೊಂಡ.

ಉಮಾಮಹೇಶ್ವರಿ ಒಳಗೆ ಬಂದು ಹೇಳಿದಳು.

"ನಾವೂ ನಿಮ್ಮ ಹೆಸರೇ ಅಂದ್ಕೊಂಡಿದ್ವಿ. ಆಮೇಲೊಂದಿನ ನಾನು ಬ್ಲೌಸಿಗೆ ಕಾಜಾ ಹೊಲೀತಾ ಇಲ್ಲೇ ಕೂತಿದ್ದೆ. ಮಾವ ಅದನ್ನೇ ತೋರಿಸಿ ಕಾಜಾ, ಕಾಜಾ ಅಂದ್ರು. ಒಂದೇ ಕೈಲಿ ತೆಗೆದು ಹಾಕೋ ಹಂಗೆ ಗುಂಡಿ ಇರೋ ಚೀಲ ಬೇಕಿತ್ತು ಅವರಿಗೆ. ಹೊಲ್ಕೊಟ್ಟ ಮೇಲೆ ಗಲಾಟೆ ಇಲ್ಲ ನೋಡಿ, ಸಮಾಧಾನವಾಗಿದ್ದಾರೆ. ಪಾಪ, ನೀವು ಸುಮ್ನೆ ಇಷ್ಟು ಕಷ್ಟಪಟ್ರಿ."

ಖಾಜಾ ಮುದುಕನ ಕಿವಿಯ ಹತ್ತಿರ ಬಗ್ಗಿದ. ಮನೆಯವರಿದ್ದಾರೆ ಎಂಬುದನ್ನು ಲೆಕ್ಕಿಸಲಿಲ್ಲ.

"ಕರಡಿ, ಷಡಕ್ಷರಿ. ಉಂಬಳೇಬೈಲು. ನೀನು ಓಡಿದ್ದು."

ಷಡಕ್ಷರಪ್ಪ ಅವನ ಮುಖ ನೋಡಿದ. ಕಣ್ಣಿಲ್ಲದ ಕುಳಿ, ಹೊಲಿಗೆ ಬಿದ್ದ ಕೆನ್ನೆ, ಎಲ್ಲವನ್ನೂ ಹೊಸಬನನ್ನು ನೋಡುವಂತೆ ನೋಡಿದ. ಸ್ವಲ್ಪ ಹೆದರಿದ ಹಾಗೂ ಕಂಡಿತು. ಕೈಯನ್ನು ಎದೆಯ ಚೀಲದ ಮೇಲೆ ಮುಚ್ಚಿಕೊಂಡ.

"ಏನು ಮಾತಾಡ್ತಿದ್ದೀರಿ ನೀವು?" ರುದ್ರೇಶ್ ಒಳಗೆ ಬಂದ. "ಅವತ್ತು ನಮ್ಮಪ್ಪ ಇಲ್ದಿದ್ರೆ ನೀವು ಇವತ್ತು ಇರ್ತಿರಲಿಲ್ಲ. ಭದ್ರಾವತಿಗೆಲ್ಲ ಗೊತ್ತು."

"ನಿಮ್ಮಪ್ಪ ಮದ್ದಿನ ಚೀಲ ಎತ್ಕೊಂಡು ಓಡಿಹೋದ. ನನ್ನ ಕರಡಿಗೆ ಬಿಟ್ಟು."

"ನೀವೇ ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ದೀರಲ್ಲ, ಅವರು ಉಳಿಸಿದ್ರು ಅಂತ. ಅದೇನು ಸುಳ್ಳಾ?"

"ಸುಳ್ಳು."

"ಬಾಯಿ ಇದ್ದಾಗ ಬಂದು ಕೇಳಬೇಕಿತ್ತು ಹಾಗಾದ್ರೆ," ಎಂದ ರುದ್ರೇಶ್. ದನಿ ಏರಿಸಲಿಲ್ಲ. "ಮಾತು ಹೋದ ಮೇಲೆ ಬಂದು ಹೇಳ್ತಿದ್ದೀರಿ. ಅವರು ಇಲ್ಲ ಅನ್ನೋಕೂ ಆಗಲ್ಲ ಈಗ. ಹೋಗಿ ಸಾಬ್ರೇ. ವಯಸ್ಸಾಗಿದೆ ಅಂತ ಸುಮ್ಮನಿದ್ದೀನಿ."

ಉಮಾಮಹೇಶ್ವರಿ ಚೀಲವನ್ನು ಕವರಿನ ಅಂಚಿನಿಂದಲೇ ಹಿಡಿದೆತ್ತಿ ಒಳಗೆ ಜಾರಿಸಿ ರೂಹಿಯ ಕೈಗೆ ಕೊಟ್ಟಳು. ಅವರು ಗೇಟು ದಾಟುವ ಹೊತ್ತಿಗೆ ಒಳಗೆ ಹೊದಿಕೆ ಬದಲಿಸುವ ಮಾತು ಕೇಳಿಸುತ್ತಿತ್ತು. ಸಿಟ್ಟಿನ ದನಿಯಲ್ಲ, ಮನೆಗೆಲಸದ ದನಿ.

ಭದ್ರಾವತಿ ಬಸ್ಸಿನಲ್ಲಿ ಸೀಟು ಸಿಕ್ಕಿತು. ರೂಹಿ ಕಿಟಕಿಯ ಕಡೆ ಕೂತಳು. ಬಸ್ಸು ಊರು ಬಿಟ್ಟ ಮೇಲೆ ಅವಳು ಕೇಳಿದಳು.

"ದಾದಾ, ನಿಜವಾಗ್ಲೂ ಅವರು ಓಡಿಹೋದ್ರಾ?"

"ಹೂಂ."

"ನಾನು ಚಿಕ್ಕೋಳಿದ್ದಾಗ ನೀವೇ ಅಲ್ವಾ ಹೇಳ್ತಿದ್ದಿದ್ದು, ಕಲ್ಲು ಹೊಡೆದು ಓಡಿಸಿದ್ರು ಅಂತ. ಕಲ್ಲು ಹೆಂಗೆ ಹೊಡೆದ್ರು ಅಂತ ಕೈ ಬೀಸಿ ತೋರಿಸ್ತಿದ್ರಿ."

"ತೋರಿಸ್ತಿದ್ದೆ."

"ಅಬ್ಬಾಗೆ ಗೊತ್ತಾ?"

"ನಿಮ್ಮಪ್ಪನಿಗೂ ಅದನ್ನೇ ಹೇಳಿದ್ದು."

ರೂಹಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನಂಬಬೇಕೆಂಬ ಆಸೆ ಅವಳ ಮುಖದಲ್ಲಿತ್ತು. ನಂಬಿಕೆ ಇರಲಿಲ್ಲ. ಅವಳು ಅವನ ಬಲಗಡೆ ಕೂತಿದ್ದಳು. ಅದನ್ನು ನೋಡಬೇಕಾದರೆ ಅವನು ಕತ್ತು ತಿರುಗಿಸಬೇಕಿತ್ತು. ತಿರುಗಿಸಲಿಲ್ಲ.

"ಬೇರೆ ಯಾರಿಗೂ ಗೊತ್ತಿರಲಿಲ್ವಾ?"

"ಇಬ್ಬರಿಗೆ ಗೊತ್ತಿತ್ತು," ಎಂದ ಖಾಜಾ.

ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ಎರಡು ನ್ಯೂ ಟೌನ್ ಕೊಡಿ ಎಂದು ಹೇಳಿ ರೂಹಿ ತನ್ನ ಫ್ರೀ ಟಿಕೆಟಿಗೆ ಆಧಾರ್ ಕಾರ್ಡ್ ಹುಡುಕತೊಡಗಿದಳು.